ನಜ್ಮಾದ ಆ ಕಿಟಕಿ

ಮದುವೆಯಾಗಿ ಮೂರು ವರ್ಷ ಕಳೆದಿದ್ದರೂ ನನ್ನ ಗಂಡ ದೋಹಾದಲ್ಲಿ ಬ್ಯಾಚುಲರ್ ಆಗಿದ್ದರು. ತಪ್ಪು ತಿಳಿಯಬೇಡಿ, ಅಲ್ಲಿಯ ವಾಡಿಕೆಯೇ ಹಾಗೆ. ಹೆಂಡತಿ ಜೊತೆಗಿದ್ದವರು ಫ್ಯಾಮಿಲಿ, ಇಲ್ಲದವರು ಬ್ಯಾಚುಲರ್. ಊರಿನಲ್ಲಿ ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನವರೂ ಅಲ್ಲಿ ಬ್ಯಾಚುಲರ್‌ಗಳೇ. ಹೆಂಡತಿಯನ್ನು ಕರೆಸಿ ಸಂಸಾರ ಹೂಡಬೇಕಾದರೆ ಕಂಪನಿಯವರು ಫ್ಯಾಮಿಲಿ ಸ್ಟೇಟಸ್ ಕೊಡಬೇಕು. ಅಕೌಂಟ್ಸ್ ವಿಭಾಗದಲ್ಲಿ ನಮ್ಮವರಿಗಿಂತ ಒಂದು ಮೆಟ್ಟಿಲು ಮೇಲಿದ್ದವರಿಗೆ ಅದು ಇತ್ತು, ಇವರಿಗಿರಲಿಲ್ಲ. ಆ ಒಂದು ಮೆಟ್ಟಿಲಿನ ದೆಸೆಯಿಂದ ನಾನು ಮೈಸೂರಿನ ತವರಿನಲ್ಲೊಂದಷ್ಟು ದಿನ, ಪುತ್ತೂರಿನ ಅತ್ತೆಮನೆಯಲ್ಲೊಂದಷ್ಟು ದಿನ ಕಾಯುತ್ತ ಕಾಲ ತಳ್ಳುತ್ತಿದ್ದೆ.

ಬ್ಯಾಚುಲರ್‌ಗಳಿಗೆ ಅಲ್ಲೊಂದು ದಾರಿಯಿತ್ತು. ಫ್ಯಾಮಿಲಿಯವರು ಯಾರಾದರೂ ರಜೆಯ ಮೇಲೆ ಊರಿಗೆ ಹೊರಟರೆ ಮನೆಯ ಕೀಲಿಯನ್ನು ಬ್ಯಾಚುಲರ್ ಗೆಳೆಯನ ಕೈಗೆ ಕೊಟ್ಟು ಹೋಗುತ್ತಿದ್ದರು. ಗೆಳೆಯ ವಿಸಿಟ್ ವೀಸಾದ ಮೇಲೆ ಹೆಂಡತಿಯನ್ನು ಕರೆಸಿಕೊಂಡು, ಅವರು ಬರುವವರೆಗೆ ಆ ಮನೆಯಲ್ಲಿ ಸಂಸಾರ ಮಾಡಬಹುದು. ಮನೆ ಕಾದ ಹಾಗೂ ಆಯಿತು, ಪುಣ್ಯ ಕಟ್ಟಿಕೊಂಡ ಹಾಗೂ ಆಯಿತು. ಇವರ ಆಫೀಸಿನ ಹಿರಿಯರೊಬ್ಬರು ತಂಗಿಯ ಮದುವೆಗೆಂದು ಹೆಂಡತಿ ಮಕ್ಕಳ ಸಮೇತ ಹೊರಟಾಗ ದೋಹಾದ ಅಲ್ ಹಿಲಾಲ್ ಬಡಾವಣೆಯಲ್ಲಿದ್ದ ಅವರ ಫ್ಲ್ಯಾಟು, ಅದರ ಕೆಳಗೆ ನಿಂತಿದ್ದ ಹಳೆಯ ಕಾರು, ಎರಡೂ ಒಂದು ತಿಂಗಳ ಮಟ್ಟಿಗೆ ನಮ್ಮದಾದವು. ಹಾಗೆ ನಾನು ಮೊದಲ ಬಾರಿಗೆ ಕತಾರಿಗೆ ಹೋದೆ.

ಬೇರೆಯವರ ಕುಕ್ಕರಿನಲ್ಲಿ ಅನ್ನ ಮಾಡಿದೆ, ಬೇರೆಯವರ ಮಕ್ಕಳ ಫೋಟೋದ ಕೆಳಗೆ ಮಲಗಿದೆ. ಖುಷಿಯಾಗಿಯೇ ಇದ್ದೆ. ಆದರೆ ದಿನ ಕಳೆದಂತೆ ಒಂದು ಯೋಚನೆ ನನ್ನನ್ನು ಕೊರೆಯತೊಡಗಿತು. ನಾನು ಊರಿಗೆ ಹೋದ ಮೇಲೆ ಇವರು ಈ ಮನೆಯಲ್ಲಿ ಇರುವುದಿಲ್ಲ. ಪಕ್ಕದ ನಜ್ಮಾ ಬಡಾವಣೆಯಲ್ಲಿ, ಆರು ಜನ ಹಂಚಿಕೊಂಡ ರೂಮಿಗೆ ವಾಪಸು ಹೋಗುತ್ತಾರೆ. ಊರಲ್ಲಿ ಕೂತು ಇವರನ್ನು ನೆನೆಯುವಾಗ ಎಲ್ಲಿಟ್ಟು ನೆನೆಯಲಿ? ಮೂರು ವರ್ಷದಿಂದ ನನ್ನ ಕಲ್ಪನೆಯಲ್ಲಿ ಇವರಿಗೆ ಒಂದು ಮಂಚವೂ ಇರಲಿಲ್ಲ, ಗೋಡೆಯೂ ಇರಲಿಲ್ಲ. ಮುಖ ಮಾತ್ರ ಗಾಳಿಯಲ್ಲಿ ತೇಲುತ್ತಿತ್ತು. ಆದ್ದರಿಂದ ಹೊರಡುವ ಮುಂಚೆ ಆ ರೂಮನ್ನು ಒಂದು ಸಲ ಕಣ್ಣಿನಿಂದ ನೋಡಲೇಬೇಕೆಂದು ಹಟ ಹಿಡಿದೆ.

"ಅಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ತಿ?" ಎಂದರು. ಮನೆಮಾತು ತುಳುವಾದರೂ ನನಗೆ ಅದು ಬಾರದ್ದರಿಂದ ನನ್ನೊಡನೆ ಅವರದು ಪುತ್ತೂರಿನ ಕನ್ನಡ. ಅದು ಹೆಂಗಸರು ಮೆಟ್ಟಿಲು ಹತ್ತುವ ಕಟ್ಟಡವಲ್ಲ, ರಾತ್ರಿ ಪಾಳಿ ಮುಗಿಸಿ ಬಂದವರು ಹಗಲೆಲ್ಲ ಮಲಗಿರುತ್ತಾರೆ, ಬನಿಯನ್ನಿನಲ್ಲಿ ಓಡಾಡುತ್ತಾರೆ ಎಂದೆಲ್ಲ ಕಾರಣ ಕೊಟ್ಟರು. ಕಾರಣಗಳು ನಿಜವೇ. ಅವುಗಳ ಹಿಂದೆ ಇನ್ನೊಂದು ಕಾರಣವಿತ್ತು, ಅದು ನಾಚಿಕೆ. ಅದನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಬದಲಿಗೆ, ಈದ್ ರಜೆ ಬರುತ್ತದಲ್ಲ, ಸಮುದ್ರದ ಅಂಚಿಗೆ ಪೂರಾ ಸುತ್ತಿಸುತ್ತೇನೆ, ಉತ್ತರದ ತುದಿಯ ತನಕ ಹೋಗಿ ಬರುವ ಎಂದು ಮಾತು ಕೊಟ್ಟರು. ನಾನು ಕೇಳಿದ್ದು ಒಂದು ಮಂಚ, ಇವರು ಕೊಡಹೊರಟಿದ್ದು ಇಡೀ ದೇಶ.

ಈದ್‌ನ ಮರುದಿನ ಹೊರಟೆವು. ಹೊರಡುವಾಗಲೇ ಆಕಾಶ ಕಪ್ಪಿಟ್ಟಿತ್ತು. ಅಲ್ಲಿ ವರ್ಷಕ್ಕೆ ಒಂದೆರಡು ಸಲ ಬರುವ ಮಳೆ ನಮ್ಮ ಪ್ರವಾಸಕ್ಕೇ ಕಾದು ಕುಳಿತಿದ್ದಂತಿತ್ತು. ಅಲ್ ಖೋರ್ ದಾರಿ ಹಿಡಿದು ಸ್ವಲ್ಪ ದೂರ ಹೋದದ್ದೇ ದಬದಬನೆ ಸುರಿಯಿತು. ನಮ್ಮವರು ಗತ್ತಿನಿಂದ ವೈಪರ್ ಹಾಕಿದರು. ಬಿಸಿಲಲ್ಲಿ ಬೆಂದು ಬೆಂದು ಅದರ ರಬ್ಬರು ಹಪ್ಪಳವಾಗಿತ್ತು. ಎರಡು ಸಲ ಕರಕರ ಎಂದು, ರಬ್ಬರು ಪುಡಿಪುಡಿಯಾಗಿ ಗಾಜಿನ ಮೇಲೆ ಉದುರಿ, ಬರೀ ಕಡ್ಡಿ ಆಡತೊಡಗಿತು. ವರ್ಷದಲ್ಲಿ ಆರು ತಿಂಗಳು ಮಳೆ ನೋಡಿ ಬೆಳೆದ ಮನುಷ್ಯ ಕತಾರಿಗೆ ಬಂದು ವೈಪರ್ ನೋಡಿಕೊಳ್ಳುವುದನ್ನೇ ಮರೆತಿದ್ದರು.

ಪುತ್ತೂರಿನ ಅತ್ತೆ ನನ್ನ ಪೆಟ್ಟಿಗೆಯಲ್ಲಿ ಒಂದು ಕೊಡೆ ಇಟ್ಟಿದ್ದರು. ಮರಳುಗಾಡಿಗೆ ಯಾಕೆ ಎಂದು ನಕ್ಕಿದ್ದೆ. ಕೊಡೆಯಿಲ್ಲದೆ ಮನೆಯಿಂದ ಹೊರಡುವುದು ಅವರ ಪ್ರಕಾರ ಶುಭವಲ್ಲ. ಈಗ ಅದೇ ಕೊಡೆ ಹಿಡಿದು ಇವರು ಆಗಾಗ ಕಾರಿನಿಂದಿಳಿದು, ಹಳೆಯ ಟವೆಲಿನಿಂದ ಗಾಜು ಒರೆಸಿ ಮತ್ತೆ ಹತ್ತುತ್ತಿದ್ದರು. ನಮ್ಮನ್ನು ದಾಟಿ ಹೋಗುವ ದೊಡ್ಡ ಗಾಡಿಗಳಲ್ಲಿ ಅಲ್ಲಿಯ ಸಂಸಾರಗಳು ಕಿಟಕಿ ಇಳಿಸಿ, ಮಳೆಗೆ ಕೈಚಾಚಿ ಕೇಕೆ ಹಾಕುತ್ತಿದ್ದವು. ಮಳೆ ಬಂದರೆ ಅವರು ಮನೆಯೊಳಗೆ ಕೂರುವುದಿಲ್ಲ, ಮಳೆ ನೋಡುವುದಕ್ಕೇ ಹೊರಡುತ್ತಾರೆ. ಮೈ ನೆನೆಯಬಾರದೆಂದು ಪರದಾಡುತ್ತಿದ್ದವರು ಇಡೀ ರಸ್ತೆಯಲ್ಲಿ ನಾವಿಬ್ಬರೇ.

ಅಲ್ ಖೋರ್‌ನ ಬಂದರಿನಲ್ಲಿ ಹಬ್ಬದ ರಜೆಗೆ ದೋಣಿಗಳನ್ನೆಲ್ಲ ಸಾಲಾಗಿ ಕಟ್ಟಿದ್ದರು. ಸಮುದ್ರ ಬೂದಿ ಬಣ್ಣಕ್ಕೆ ತಿರುಗಿತ್ತು. ಗಾಳಿ ಮೈಸೂರಿನ ಧನುರ್ಮಾಸದ ಚಳಿಯನ್ನು ನಾಚಿಸುವಂತಿತ್ತು. ನಾನು ಇವರ ಸ್ವೆಟರಿನ ಮೇಲೆ ಇವರ ಕೋಟು ಹಾಕಿಕೊಂಡು ನಡುಗುತ್ತಿದ್ದೆ. ಇವರು ಮಾತ್ರ ಬರೀ ಶರ್ಟಿನಲ್ಲಿ ಒದ್ದೆ ಬಲೆಗಳ ಪಕ್ಕ ನಿಂತು, ನಮ್ಮ ಊರ ಕಡೆಯ ಬಂದರಿನದ್ದೇ ವಾಸನೆ ಎಂದು ಒಂದು ಬಲೆಯನ್ನೆತ್ತಿ ಮೂಸಿದರು. ಅವರಿಗೂ ಊರಿನ ಹಂಬಲ ಹುಟ್ಟುವುದುಂಟೆಂದು ಅವತ್ತು ಗೊತ್ತಾಯಿತು. ಫೋನಿನಲ್ಲಿ ಅದು ಎಂದೂ ಕೇಳಿಸಿರಲಿಲ್ಲ.

ಮರುದಿನ ಮಳೆ ಬಿಟ್ಟು ಬಿಟ್ಟು ಬರುತ್ತಿದ್ದರೂ ಮತ್ತೆ ಹೊರಟೆವು, ಈ ಸಲ ಉತ್ತರದ ತುದಿಯ ರುವೈಸ್‌ಗೆ. ಅರ್ಧ ದಾರಿಯಲ್ಲಿ ಇವರು ಪೆಟ್ರೋಲ್ ಬಂಕಿನವನ ಹತ್ತಿರ ದಾರಿ ಕೇಳಿದರು. ಮುಂದಿನ ಕವಲಿನಲ್ಲಿ ಇನ್ನೊಬ್ಬರ ಹತ್ತಿರ ಕೇಳಿದರು. ಆಗ ನನಗೆ ಹೊಳೆಯಿತು, ಇವರು ಈ ಕಡೆಗೆ ಬಂದವರೇ ಅಲ್ಲ. ಕೇಳಿದ್ದಕ್ಕೆ, ಎಲ್ಲಿಂದ ಬರುವುದು, ನನಗೆ ಕಾರುಂಟಾ ಎಂದರು. ಆಫೀಸಿನ ಡ್ರೈವರ್ ಹೇಳಿದ ಜಾಗಗಳ ಹೆಸರನ್ನು ಬಾಯಿಪಾಠ ಮಾಡಿಕೊಂಡು ನನ್ನನ್ನು ಕರೆತಂದಿದ್ದರು. ಇವರು ಬಲ್ಲ ಕತಾರೆಂದರೆ ಒಂದು ಆಫೀಸು, ನಜ್ಮಾದ ನಾಲ್ಕು ಬೀದಿ, ಪ್ರತಿ ಶುಕ್ರವಾರ ನನಗೆ ಫೋನು ಮಾಡುವ ರಸ್ತೆ ಬದಿಯ ಬೂತು. ನನಗೆ ತೋರಿಸುತ್ತಿದ್ದದ್ದು ತಮ್ಮದಲ್ಲದ ದೇಶವನ್ನು, ತಮ್ಮದಲ್ಲದ ಕಾರಿನಲ್ಲಿ. ಪಾಪ ಎನ್ನಿಸಿತು, ಅದರ ಜೊತೆಗೇ ಸಿಟ್ಟೂ ಬಂತು.

ರುವೈಸ್ ನೋಡಿಕೊಂಡು ಜುಬಾರಾದ ಹಳೆಯ ಕೋಟೆ ತಲುಪುವಾಗ ಗಾಳಿ ಕೊಡೆಯನ್ನು ಮೇಲೆ ಮಗುಚಿ ಹಾಕಿತು. ಕೋಟೆಯ ಬಾಗಿಲು ಹಬ್ಬಕ್ಕೆ ಮುಚ್ಚಿತ್ತು. ಕಾವಲಿನವರೂ ಇರಲಿಲ್ಲ. ಅರಮನೆ ನೋಡಿ ಬೆಳೆದ ಮೈಸೂರಿನವಳು ನಾನು. ನಾಲ್ಕು ಮೂಲೆಗೆ ನಾಲ್ಕು ಬುರುಜಿನ ಆ ಕೋಟೆಯನ್ನು ಹೊರಗಿನಿಂದಲೇ ಒಂದು ಸುತ್ತು ಹಾಕಿ, ಇಷ್ಟೇನಾ ಎಂದೆ. ಇವರ ಮುಖ ಸಣ್ಣದಾಯಿತು. ಒದ್ದೆ ತಲೆಗೂದಲು ಹಣೆಗೆ ಅಂಟಿತ್ತು. ಸಣ್ಣ ಹುಡುಗನ ಹಾಗೆ ಕಂಡರು.

"ರೀ, ನಂಗೆ ಕೋಟೆಗೀಟೆ ಎಲ್ಲ ಬೇಡ. ನಾನು ಹೋದ್ಮೇಲೆ ನೀವು ಎಲ್ಲಿ ಮಲಗ್ತೀರಿ ಅಂತ ತೋರಿಸಿ, ಸಾಕು" ಎಂದೆ.

ಇವರು ಹೋಗಿ ಕಾರಿನ ಬಾಗಿಲು ತೆಗೆದರು. ವಾಪಸು ಬರುವ ದಾರಿಯುದ್ದಕ್ಕೂ ಮಾತಿಲ್ಲ. ಎದುರಿಗೆ ಮರಳಿನ ಮೇಲೆಲ್ಲ ನೀರು ನಿಂತು ಅದರಲ್ಲಿ ಆಕಾಶ ಕಾಣುತ್ತಿತ್ತು. ನನ್ನ ವಿಮಾನಕ್ಕೆ ಇನ್ನು ಕೆಲವೇ ದಿನ. ಫ್ಲ್ಯಾಟಿನವರು ತಂಗಿಯ ಮದುವೆ ಮುಗಿಸಿ ಬರುವುದೂ ಅದೇ ವಾರ. ಹೀಗೆ ಮುನಿಸಿಕೊಂಡು ದಿನ ಕಳೆಯುತ್ತಿದ್ದೇವಲ್ಲ ಎಂದು ಅಳು ಬಂತು. ಅತ್ತರೆ ಸೋತ ಹಾಗೆ ಎಂದು ತಡೆದುಕೊಂಡೆ.

ದೋಹಾ ಹತ್ತಿರವಾದಂತೆ ರಸ್ತೆಗಳೆಲ್ಲ ಹೊಳೆಯಾಗಿದ್ದವು. ಮಳೆಗೆಂದು ಕಟ್ಟಿದ ಊರಲ್ಲ ಅದು, ನೀರು ಹರಿದು ಹೋಗಲು ಚರಂಡಿಯೇ ಇಲ್ಲ. ಇವರು ಇದ್ದಕ್ಕಿದ್ದಂತೆ ಚಡಪಡಿಸತೊಡಗಿದರು. ನಜ್ಮಾದ ರೂಮಿನಲ್ಲಿ ಅವರ ಮಂಚವಿರುವುದು ಕಿಟಕಿಯ ಕೆಳಗೆ, ಕಿಟಕಿಯ ಸಂದಿನಿಂದ ನೀರು ಒಳಗೆ ಇಳಿಯುತ್ತದೆ, ಮಂಚದಡಿಯಲ್ಲಿ ಪೆಟ್ಟಿಗೆಯಿದೆ. ನಿನ್ನನ್ನು ಹಿಲಾಲ್‌ನಲ್ಲಿ ಇಳಿಸಿ ಒಂದು ಗಳಿಗೆ ಹೋಗಿ ನೋಡಿ ಬರುತ್ತೇನೆ ಎಂದರು. ಫ್ಲ್ಯಾಟಿನ ಮುಂದೆ ಕಾರು ನಿಂತಿತು. ನಾನು ಇಳಿಯಲಿಲ್ಲ. ಎರಡು ಸಲ ಹೇಳಿದರು. ನಾನು ಕೋಟಿನ ಗುಂಡಿ ಹಾಕಿಕೊಂಡು ನೇರ ನೋಡುತ್ತ ಕುಳಿತೆ. ಕೊನೆಗೆ, ಮೇಲೆ ಮಾತ್ರ ಕರೆದುಕೊಂಡು ಹೋಗಲಿಕ್ಕಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ ಗಾಡಿ ತಿರುಗಿಸಿದರು.

ನಜ್ಮಾ ಅಲ್ಲಿಂದ ದೂರವೇನಲ್ಲ. ಆಗಷ್ಟೇ ದೀಪ ಹಚ್ಚುವ ಹೊತ್ತು. ದರ್ಜಿ ಅಂಗಡಿಗಳು ಹಬ್ಬಕ್ಕೆ ಮುಚ್ಚಿದ್ದವು, ಒಂದು ಕೆಫೆಟೇರಿಯಾದಲ್ಲಿ ಮಾತ್ರ ಜನ ಚಹಾ ಹಿಡಿದು ನಿಂತಿದ್ದರು. ಇವರು ಕಾರನ್ನು ಒಂದು ಫೋನು ಬೂತಿನ ಪಕ್ಕಕ್ಕೆ ನಿಲ್ಲಿಸಿದರು. ಇದೇನಾ ಎಂದು ಕೇಳಿದೆ. ಇದೇ ಎಂದರು. ಮೂರು ವರ್ಷದ ಶುಕ್ರವಾರಗಳೆಲ್ಲ ಈ ಡಬ್ಬಿಯಿಂದಲೇ ಬಂದದ್ದು. ಕಾರಿನ ಗಾಜು ಸ್ವಲ್ಪ ಇಳಿಸಿ ಬೂತನ್ನು ಕೈಯಿಂದ ಒಮ್ಮೆ ಮುಟ್ಟಿ ನೋಡಿದೆ. ಇವರು ಪ್ಯಾಂಟು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ಅತ್ತೆಯ ಕೊಡೆಯನ್ನು ಹೇಗೋ ಸರಿಪಡಿಸಿ ಬಿಡಿಸಿಕೊಂಡು, ನೀರಿನಲ್ಲಿ ನಡೆದು ಎದುರಿನ ಕಟ್ಟಡದೊಳಗೆ ಹೋದರು.

ಹಳೆಯ, ಬಣ್ಣಗೆಟ್ಟ ಕಟ್ಟಡ. ಒಂದರ ಹಾಗೆ ಇನ್ನೊಂದು ಕಿಟಕಿ, ಎಲ್ಲದರ ಪಕ್ಕದಲ್ಲೂ ತುಕ್ಕು ಹಿಡಿದ ಎ.ಸಿ. ಇವರದು ಯಾವುದಿರಬಹುದೆಂದು ಒಂದೊಂದನ್ನೇ ನೋಡುತ್ತಿದ್ದೆ. ಮೇಲಂತಸ್ತಿನಲ್ಲಿ ಒಂದು ಕಿಟಕಿ ತೆರೆಯಿತು. ಹಿಂದೆ ಟ್ಯೂಬ್‌ಲೈಟಿನ ಬೆಳಕು, ಮುಂದೆ ಇವರು.

ಮೊದಲು ಪಾಸ್‌ಪೋರ್ಟ್ ಫೋಟೋಗೆ ನಿಂತವರ ಹಾಗೆ ನೆಟ್ಟಗೆ ನಿಂತರು. ನಾನು ಗಾಜು ಪೂರ್ತಿ ಇಳಿಸಿ ತಲೆ ಹೊರಗೆ ಹಾಕಿದೆ. ಆಗ ಬಗ್ಗಿ ಏನನ್ನೋ ತೆಗೆದು ಎತ್ತಿ ತೋರಿಸಿದರು. ತಲೆದಿಂಬು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಇಳಿಸಿ ಹೊದಿಕೆ ಎತ್ತಿದರು. ನಮ್ಮ ಮದುವೆಗೆ ನನ್ನ ಸೋದರತ್ತೆ ಕೊಟ್ಟ ನೀಲಿ ಹೊದಿಕೆ ಅದು. ಇವರು ಇಲ್ಲಿಗೆ ತಂದಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಊಟದ ತಟ್ಟೆ, ಲೋಟ, ಅಲಾರಾಂ ಗಡಿಯಾರ, ಇಸ್ತ್ರಿ ಮಾಡಿದ ಆಫೀಸಿನ ಶರ್ಟು, ಒಂದಾದ ಮೇಲೊಂದು. ಹಿಂದೆ ಯಾರೋ ನಗುತ್ತ ಸಾಮಾನು ಎತ್ತಿಕೊಡುತ್ತಿರುವುದು ಕಾಣುತ್ತಿತ್ತು. ಎರಡು ದಿನ ಸುತ್ತಿಸಿ ತೋರಿಸಲಾಗದ್ದನ್ನು ಇವರು ಅಲ್ಲಿ ನಿಂತು ತೋರಿಸುತ್ತಿದ್ದರು. ನಾನು ನಗುತ್ತಿದ್ದೆ, ಅಳುತ್ತಲೂ ಇದ್ದೆ. ಮುಖದ ಮೇಲೆ ಮಳೆ ಬೀಳುತ್ತಿತ್ತಾದ್ದರಿಂದ ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಅಷ್ಟರಲ್ಲಿ ಬಿಳಿಗಡ್ಡದ ಹಿರಿಯರೊಬ್ಬರು ಮೆಟ್ಟಿಲಿಳಿದು ನೀರಿನಲ್ಲಿ ಬಂದರು. ಇವರ ರೂಮಿನವರೇ, ಬಂಟ್ವಾಳದ ಕಡೆಯ ಬ್ಯಾರಿಗಳು. ದರ್ಜಿ ಕೆಲಸದವರು, ರೂಮಿನವರೆಲ್ಲ ಹಾಜಿಯವರೆಂದು ಕರೆಯುತ್ತಾರೆಂದು ಇವರು ಹೇಳುತ್ತಿದ್ದರು. ನನ್ನ ಮುಖ ನೋಡದೆ ಕಾರಿನ ಬಾಗಿಲ ಹತ್ತಿರ ಒಂದು ಸ್ಟೀಲು ಡಬ್ಬಿ ಹಿಡಿದರು.

"ಹಬ್ಬದ ಶಾವಿಗೆ ಪಾಯಸ, ಅಕ್ಕ. ಮೇಲೆ ಕರೀಲಿಕ್ಕೆ ಆಗ್ಲಿಲ್ಲ, ಬೇಜಾರು ಮಾಡ್ಬೇಡಿ. ಅವ್ರನ್ನು ನಾವು ನೋಡಿಕೊಳ್ತೇವೆ" ಎಂದರು.

ನನಗಿಂತ ಎರಡು ಪಟ್ಟು ವಯಸ್ಸಿನವರು ನನ್ನನ್ನು ಅಕ್ಕ ಎಂದರು. ಅವರ ಹೆಂಡತಿಯೂ ಯಾವ ಕಿಟಕಿಯನ್ನೂ ನೋಡದೆ ಊರಲ್ಲಿ ಕಾಯುತ್ತಿರಬೇಕು. ಕೇಳಬೇಕೆನ್ನಿಸಿತು, ಕೇಳದೆ ಕೈಚಾಚಿ ಡಬ್ಬಿ ತೆಗೆದುಕೊಂಡೆ. ಡಬ್ಬಿ ಬಿಸಿಯಿತ್ತು. ತೊಡೆಯ ಮೇಲಿಟ್ಟುಕೊಂಡೆ.

ಇವರು ಕೆಳಗೆ ಬರುವಾಗ ಮಳೆ ನಿಂತಿತ್ತು. ಕೊಡೆಯನ್ನು ಮೇಲೆಯೇ ಬಿಟ್ಟು ಬಂದಿದ್ದರು. ಇರಲಿ ಬಿಡಿ ಎಂದೆ. ನಾನು ಊರಿಗೆ ಹೊರಡುವ ದಿನವೂ ಅದರ ನೆನಪು ಇಬ್ಬರಿಗೂ ಆಗಲಿಲ್ಲ.

ಮೈಸೂರಿಗೆ ಬಂದ ಮೇಲೆ ಮೊದಲ ಶುಕ್ರವಾರ ಫೋನು ಬಂತು. ಪ್ರತಿ ಸಲ ಊಟವಾಯಿತೇ ಎಂದು ಕೇಳುತ್ತಿದ್ದವಳು ಅವತ್ತು, ಎಲ್ಲಿ ನಿಂತಿದ್ದೀರಿ ಎಂದು ಕೇಳಿದೆ. ನೀನು ಕಾರಿನಲ್ಲಿ ಕೂತಿದ್ದೆಯಲ್ಲ, ಅದೇ ಜಾಗದಲ್ಲಿ ಎಂದರು.

"ನಿಮ್ಮ ಕಿಟಕಿ ಕಾಣುತ್ತಾ? ಕಿಟಕೀಲಿ ಯಾರಿದ್ದಾರೆ?"

ರಿಸೀವರ್ ಹಿಡಿದೇ ಆಚೆ ಬಗ್ಗಿ ನೋಡಿರಬೇಕು, ರಸ್ತೆಯ ಸದ್ದು ಜೋರಾಯಿತು.

"ಯಾರೂ ಇಲ್ಲ" ಎಂದರು. "ನಿನ್ನ ಕೊಡೆ ಉಂಟು. ಸರಳಿಗೆ ನೇತು ಹಾಕಿದ್ದೇನೆ. ಇಲ್ಲಿಂದ ಕಾಣ್ತದೆ."

ಆ ವರ್ಷ ಅಲ್ಲಿ ಮತ್ತೆ ಒಂದು ಹನಿ ಮಳೆಯೂ ಬೀಳಲಿಲ್ಲ. ಪ್ರತಿ ಶುಕ್ರವಾರ ನಾನು ಕೇಳುತ್ತಿದ್ದೆ, ಕೊಡೆ ಅಲ್ಲೇ ಇದೆ ಎಂದು ಅವರು ಹೇಳುತ್ತಿದ್ದರು.