ಕೌದಿ ಹೊದ್ದ ಬೇರಿಕಾಯಿ ಗಿಡ

ಪುಷ್ಯ ಮಾಸದ ಒಂದು ಭಾನುವಾರ, ಬೆಳಗಿನ ಆರೂಕಾಲು ಗಂಟೆ. ಸ್ಥಳ, ಹೊಸಪೇಟೆಯಲ್ಲಿ ತುಂಗಕ್ಕನವರ ಹಿತ್ತಲು. ಹಾಜರಿದ್ದವರು ಮನೆಯೊಡತಿ ತುಂಗಕ್ಕ, ರಾಮನದುರ್ಗದ ಗುಡ್ಡದಿಂದ ಇಳಿದು ಬಂದಿದ್ದ ಅವರ ಅಣ್ಣ ವಾಸಣ್ಣ, ಗಾಡಿ ಹೊಡೆಯುವ ಹುಲುಗಪ್ಪ, ಮತ್ತು ತುಂಗಕ್ಕನ ಹೊರಕೋಣೆಯಲ್ಲಿ ಬಾಡಿಗೆಗಿದ್ದ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ ನಾನು. ಇವರಲ್ಲದೆ ಒಂದು ಗಿಡ. ಅದು ಕುತ್ತಿಗೆಯ ತನಕ ಕೌದಿ ಹೊದ್ದು, ನೆತ್ತಿಗೆ ಹಳೆಯ ಶಾಲಿನ ತುಂಡು ಸುತ್ತಿಕೊಂಡು, ಜ್ವರ ಬಂದು ರಜೆ ಹಾಕಿದ ಗುಮಾಸ್ತನಂತೆ ಗೋಡೆಯ ಪಕ್ಕ ನಿಂತಿತ್ತು.

ಅದು ಬೇರಿಕಾಯಿ ಗಿಡ, ಇಂಗ್ಲಿಷಿನವರು ಪೇರ್ ಎನ್ನುವ ಹಣ್ಣಿನದು. ಅದನ್ನು ಆ ದಿನ ಕಿತ್ತು ಸಂಡೂರಿನ ಸೀಮೆಗೆ, ವಾಸಣ್ಣನ ಗುಡ್ಡಕ್ಕೆ ಕಳಿಸುವುದೆಂದು ಗೊತ್ತಾಗಿತ್ತು. ಆ ತೀರ್ಮಾನಕ್ಕೆ ಬರಲು ತುಂಗಕ್ಕನಿಗೆ ಐದು ಚಳಿಗಾಲ ಹಿಡಿದಿತ್ತು.

ತುಂಗಕ್ಕನ ತವರು ಕಂಪ್ಲಿ, ಹೊಳೆಯ ದಂಡೆಯ ಬಾಳೆತೋಟದವರು. ಥಂಡಿ ಗಾಳಿ ಬಿಟ್ಟರೆ ಗೊನೆ ಬಲಿಯುವುದು ತಡವಾಗುತ್ತದೆಂದು ಅಲ್ಲಿ ಒಣಗಿದ ಬಾಳೆಲೆಯನ್ನು ಗೊನೆಗೆ ಸುತ್ತಿ ಕಟ್ಟುತ್ತಾರೆ. ಬಾಳೆಗೊನೆಗೆ ಸಲ್ಲುವ ಈ ಉಪಚಾರವನ್ನು ತುಂಗಕ್ಕ ಹಿತ್ತಲಿನ ಸಮಸ್ತ ಸಸ್ಯಗಳಿಗೂ ವಿಸ್ತರಿಸಿದ್ದರು. ದೀಪಾವಳಿ ಕಳೆಯಿತೆಂದರೆ ಅಲ್ಲಿ ಬಾಣಂತನ ಶುರು. ಅಂಜೂರದ ಬುಡಕ್ಕೆ ಗೋಣಿತಾಟು, ನಿಂಬೆಗೆ ಹರಿದ ಪಂಚೆ, ಸಂಜೆ ಎಲ್ಲಕ್ಕೂ ಅಜವಾನದ ಹೊಗೆ. ಹೊಸಪೇಟೆಯ ಚಳಿಯೋ ಬೆಳಗಿನ ಎಂಟರ ತನಕದ್ದು. ಹತ್ತಕ್ಕೆ ನಾನು ಛತ್ರಿ ಹಿಡಿದು ಶಾಲೆಗೆ ಹೋಗುತ್ತಿದ್ದೆ. ಅಷ್ಟೇ ಚಳಿಗೆ ಅವರ ಪೇರಲ ಹಣ್ಣು ಸಕ್ಕರೆಯಾಗುತ್ತಿತ್ತು. ಹೊಗೆಯ ಪ್ರಭಾವವೆಂದು ಅವರ ನಂಬಿಕೆ.

“ಅಕ್ಕೋರೆ, ಥಂಡಿ ಆದ್ರ ನೀವು ಸೀನ್ತೀರಿ. ಅದಕ್ಕ ಮೂಗರೆ ಎಲ್ಲದ ಸೀನ್ಲಿಕ್ಕೆ?” ಎನ್ನುತ್ತಿದ್ದರು. ಮದರಾಸಿನ ತರಬೇತಿ ಶಾಲೆಯಲ್ಲಿ ಈ ಪ್ರಶ್ನೆಗೆ ಉತ್ತರ ಕಲಿಸಿರಲಿಲ್ಲ.

ಬೇರಿಕಾಯಿ ಗಿಡವನ್ನು ತಂದವನು ಮಗ ರಘು. ಅವನು ನೀಲಗಿರಿಯ ಕೂನೂರಿನಲ್ಲಿ ರೈಲ್ವೆ ಗುಮಾಸ್ತ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದ. ಗಿಡ ನೆಟ್ಟು ಹೊರಡುವಾಗ, “ಇದು ಹಣ್ಣು ಬಿಟ್ಟಾಗ ಕಾಗದ ಬರಿಯವ್ವಾ, ಇದ್ದಲ್ಲಿಂದ ಎದ್ದು ಬರ್ತೀನಿ” ಎಂದು ಹೇಳಿದ್ದ. ನೀಲಗಿರಿಯಲ್ಲಿ ಮನೆಮನೆಯ ಅಂಗಳದಲ್ಲೂ ಉದುರಿ ಕೊಳೆಯುವ ಹಣ್ಣು ಅದು. ಅವನು ತಮಾಷೆಗೆ ಅಂದಿರಬೇಕು. ತುಂಗಕ್ಕ ಅದನ್ನು ಕರಾರು ಪತ್ರದಂತೆ ಎತ್ತಿಟ್ಟುಕೊಂಡರು. ಹಂಚಿಕೆಯೂ ಮುಂಚೆಯೇ ಆಗಿತ್ತು: “ಮೊದಲನೇ ಹಣ್ಣು ದೇವರಿಗೆ, ಎರಡನೇದು ರಘುಗ. ನಿಮಗ ಬೀಜ ಕೊಡ್ತೀನ್ರಿ ಅಕ್ಕೋರೆ, ನೀವು ಓದಿದವರು, ಬೆಳಸ್ಕೋರಿ.”

ಐದು ವರ್ಷವಾದರೂ ಗಿಡದಲ್ಲಿ ಎಲೆಯಲ್ಲದೆ ಬೇರೇನೂ ಇಲ್ಲ. ಕೊನೆಗೆ ನಾನೇ ರಘುವಿಗೆ ಬರೆದೆ. ಉತ್ತರ ಬಂತು: ಬೇರಿಕಾಯಿಗೆ ಚಳಿ ತಾಗಲೇಬೇಕು, ಎಲೆಯೆಲ್ಲ ಉದುರಿ ಒಂದೆರಡು ತಿಂಗಳು ನಿದ್ದೆ ಮಾಡಬೇಕು, ಆಮೇಲೆಯೇ ಹೂವು, ಅವ್ವನಿಗೆ ಹೇಳಿರಿ, ಏನನ್ನೂ ಹೊದಿಸುವುದು ಬೇಡ.

ತುಂಗಕ್ಕ ಮೂರು ಸಲ ಓದಿಸಿದರು. “ಅಕ್ಷರ ರಘೂಂದು. ಬುದ್ಧಿ ಅವಂದಲ್ಲ. ಯಾರೋ ಬಾಜೂಕ ಕೂತು ಬರಸ್ಯಾರ” ಎಂದು ತೀರ್ಪು ಕೊಟ್ಟರು.

ನಾನು ಗಂಟೆಗೆ ಎದ್ದು ಗಂಟೆಗೆ ಉಂಡು ಬೆಳೆದವಳು. ಒಂದು ಹಾಳೆಯಲ್ಲಿ ಗೆರೆ ಎಳೆದು ವೇಳಾಪಟ್ಟಿ ಬರೆದು ಹಿತ್ತಲ ಬಾಗಿಲಿಗೆ ಅಂಟಿಸಿದೆ: ಇಂದಿನಿಂದ ಕೌದಿ ಇಲ್ಲ, ಹೊಗೆ ಇಲ್ಲ, ನೀರು ನಾಲ್ಕು ದಿನಕ್ಕೊಮ್ಮೆ. ಎರಡು ದಿನ ಪಾಲನೆಯಾಯಿತು. ಮೂರನೆಯ ದಿನ ಶಾಲೆಯಿಂದ ಬಂದು ನೋಡಿದರೆ ಕೌದಿ ಮತ್ತೆ ಗಿಡದ ಮೇಲಿದೆ.

“ಇದೇನ್ರಿ ತುಂಗಕ್ಕ?”

“ಬರೇ ಭುಜಕ್ಕ ಹೊದಿಸೀನ್ರಿ. ಕಾಲು ಬಿಟ್ಟೀನಲ್ಲ, ಕಾಲಿಗೆ ಎಷ್ಟು ಬೇಕಷ್ಟು ಚಳಿ ಹತ್ಲಿ.”

“ಪಟ್ಟಿಯೊಳಗೆ ಏನು ಬರೆದೀನಿ?”

“ನಿಮ್ಮ ಪಟ್ಟಿ ಬಾಗಿಲ ಮ್ಯಾಲೆ ಬೆಚ್ಚಗ ಅದರಿ. ಗಾಳಿಯಾಗ ನಿಂತದ್ದು ಇದು.”

ವಾಸಣ್ಣನ ಕತೆ ಇದಕ್ಕೆ ತಿರುವುಮುರುವು. ಅವರು ರಾಮನದುರ್ಗದ ಗುಡ್ಡದ ಮೇಲೆ, ಬೇಸಿಗೆಗೆ ಬಿಳಿಯ ದೊರೆಗಳು ಬಂದಿಳಿಯುವ ಬಂಗಲೆಗಳನ್ನು ನೋಡಿಕೊಂಡಿದ್ದರು. ಚಳಿಗಾಲದಲ್ಲಿ ಅಲ್ಲಿ ಹೊತ್ತೇರಿದರೂ ಮಂಜು ಬಿಡುವುದಿಲ್ಲ. ತಂಗಿ ಕಂಪ್ಲಿಯಿಂದ ತರಿಸಿ ಕಳಿಸಿದ ಬಾಳೆಕಂದು ಅಲ್ಲಿ ಹಳದಿಯಾಗಿ, ಸುಳಿ ಬಿಗಿದು, ಮೂರು ವರ್ಷ ಗೊನೆ ಹಾಕದೆ ಸತ್ತಿತ್ತು. ಆ ಸಾವಿನ ವಿಷಯ ಎತ್ತದೆ ಅಣ್ಣತಂಗಿ ಒಮ್ಮೆಯೂ ಊಟಕ್ಕೆ ಕೂತವರಲ್ಲ.

ಸಂಕ್ರಾಂತಿಗೆ ಬಂದ ವಾಸಣ್ಣ ಕೌದಿಯನ್ನು ನೋಡಿ ಬಿದ್ದುಬಿದ್ದು ನಕ್ಕರು.

“ತುಂಗಾ, ಚಳಿ ಬೇಕನ್ನೋದಕ್ಕ ನೀ ಕೌದಿ ಕೊಟ್ಟಿ. ಬಿಸಿಲು ಬೇಕನ್ನೋದಕ್ಕ ನಾ ಮಂಜು ಕೊಟ್ಟೆ. ಇಬ್ರೂ ಭಾಳ ಶಾಣ್ಯಾರು ನೋಡು. ಇದನ್ನ ನನ್ನ ಜೋಡಿ ಕಳಿಸು.”

“ನನ್ನ ಬಾಳಿ ಕೊಂದಿ. ಈಗ ಇದರ ಮ್ಯಾಲೆ ಕಣ್ಣೇನು?”

“ಇಲ್ಲೇ ಇಟ್ರ ನಿನ್ನ ಮಗ ಮುದುಕ ಆಗ್ತಾನ, ಇದು ಹೂ ಬಿಡಂಗಿಲ್ಲ.”

ತುಂಗಕ್ಕ ಅಂದು ಬಡಿಸುವಾಗ ನನ್ನ ಎಲೆಗೆ ಎರಡು ಸಲ ಸಾರು ಹಾಕಿ ಅನ್ನ ಹಾಕುವುದನ್ನೇ ಮರೆತರು. ಕೈ ತೊಳೆಯಲು ಎದ್ದ ಅಣ್ಣನಿಗೆ ಬೆನ್ನು ಮಾಡಿ, “ರವಿವಾರಕ್ಕ ಗಾಡಿ ಹೇಳು” ಎಂದರು.

ಆ ಭಾನುವಾರ ಗಿಡದ ಸುತ್ತ ಮೊಳದಗಲ ಬಿಟ್ಟು ಅಗೆಯುವುದು ನನ್ನ ಲೆಕ್ಕಾಚಾರ. ಹುಲುಗಪ್ಪ ಗುದ್ದಲಿ ಎತ್ತಿದಾಗಲೆಲ್ಲ ತುಂಗಕ್ಕ ಅಡ್ಡ ಬರುತ್ತಿದ್ದರು: “ಮೆಲ್ಲಕ, ಮೆಲ್ಲಕ! ಬೇರು ಅದ, ಹಗ್ಗ ಅಲ್ಲ.”

“ಅವ್ವಾರ, ಒಂದು ನೀವು ಹೊರಗ ಬರ್ರಿ, ಇಲ್ಲಾಂದ್ರ ಗುದ್ದಲಿ ನೀವ ತಗೋರಿ” ಎಂದ ಹುಲುಗಪ್ಪ. “ಎತ್ತಿಗೆ ಸೈತ ಇಷ್ಟು ಜ್ವಾಪಾನ ಇಲ್ಲ ನಮ್ಮ ಮನ್ಯಾಗ.”

ಎಂಟೂವರೆಗೆ ಮಣ್ಣಿನ ಹೆಂಟೆಸಮೇತ ಗಿಡ ಎದ್ದಿತು. ಹೆಂಟೆಗೆ ಗೋಣಿ ಬಿಗಿದು ಗಾಡಿಗೆ ಏರಿಸಿದೆವು. ಗುಡ್ಡದ ಬುಡದ ತನಕ ಗಾಡಿ, ಅಲ್ಲಿಂದ ಮೇಲೆ ಹೊರೆಯಾಳು. ಆಗ ತುಂಗಕ್ಕ ಒಳಗೆ ಹೋದವರು ಗಂಟು ಹಿಡಿದು ಬಂದರು.

“ಗಾಡಿ ಕುಲುಕ್ತದ. ಗಿಡ ಹಿಡಕೊಂಡು ಕೂಡ್ತೀನಿ. ಬೇರು ಹಿಡೀತೇನು ನೋಡಿ, ಎಂಟು ದಿನಕ್ಕ ಬರ್ತೀನ್ರಿ ಅಕ್ಕೋರೆ.”

ವಾಸಣ್ಣ ಗಂಟನ್ನು ತೂಗಿ ನೋಡಿದರು. “ಎಂಟು ದಿನಕ್ಕ ದೇವರ ಪೆಟ್ಟಿಗಿ ಸೈತ ಬೇಕೇನು?”

“ಸುಮ್ನ ಹತ್ತು. ದೇವರಿಗೂ ಹವಾ ಬದಲಾಗ್ಲಿ.”

ಓಣಿಯ ತಿರುವಿನ ತನಕ ಗಾಡಿಯಿಂದ ಅವರ ಆಜ್ಞೆಗಳು ಕೇಳಿಸುತ್ತಿದ್ದವು. ನಿಂಬೆಗೆ ನೀರು ಕಡಿಮೆ. ಮಾವಿನ ಹೂವಿಗೆ ಇಬ್ಬನಿ ಕೂತರೆ ಬೆಳಿಗ್ಗೆ ಕೊಂಬೆ ಅಲುಗಿಸಬೇಕು. ಪೇರಲ ಗಿಳಿಗೆ ಬಿಡಬಾರದು. ಆ ಕಡೆ ತಿರುಗಿ ಕೂತದ್ದರಿಂದ ಅವರ ಮುಖ ಕಾಣಲಿಲ್ಲ. ಒಂದು ಕೈ ಗಿಡದ ಕಾಂಡದ ಮೇಲಿತ್ತು.

ಎಂಟು ದಿನಕ್ಕೆ ಅವರು ಬರಲಿಲ್ಲ. ಆ ಬೇಸಿಗೆಯಲ್ಲೇ ನನಗೆ ಬಳ್ಳಾರಿಗೆ ವರ್ಗವಾಯಿತು. ಮುಂದಿನದನ್ನೆಲ್ಲ ವಾಸಣ್ಣನ ಕಾಗದಗಳಿಂದ ತಿಳಿದೆ. ಮೊದಲ ಚಳಿಗೆ ಎಲೆಯೆಲ್ಲ ಉದುರಿದಾಗ ತುಂಗಕ್ಕ ಅಣ್ಣನನ್ನೂ ರಘುವನ್ನೂ ನನ್ನನ್ನೂ ಸೇರಿಸಿ ಬೈದರಂತೆ. ಮೂರನೆಯ ಚಳಿ ಕಳೆದ ಮೇಲೆ ಬಿಳಿಯ ಹೂವಾಯಿತು. ಮೂರು ಕಾಯಿ ನಿಂತವು. ರಘು ನಿಜಕ್ಕೂ ರಜೆ ಹಾಕಿ ಗುಡ್ಡ ಹತ್ತಿ ಬಂದ. ಕಲ್ಲಿನಂಥ ಆ ಹಣ್ಣನ್ನು ಅವ್ವನ ಎದುರಿಗೆ ಕೂತು, ಬೀಜದ ತನಕ ತಿಂದನಂತೆ. ಅದರ ಮುಂದಿನ ಮಾಘದಲ್ಲಿ ತುಂಗಕ್ಕ ಅಲ್ಲಿಯೇ ಕೆಮ್ಮಿನಿಂದ ತೀರಿಕೊಂಡರು. ಅವರು ತಾವು ಮಾತ್ರ ಸರಿಯಾಗಿ ಹೊದ್ದುಕೊಳ್ಳುತ್ತಿರಲಿಲ್ಲ ಎಂದು ವಾಸಣ್ಣ ಬರೆದಿದ್ದರು.

ಇದೆಲ್ಲ ಆಮೇಲಿನ ಮಾತು. ಆ ಭಾನುವಾರ ಗಾಡಿ ಹೋದ ಮೇಲೆ ನಾನು ಹಿತ್ತಲು ಗುಡಿಸಿದೆ, ನೀರು ಸೇದಿ ಪೇರಲಕ್ಕೆ ಹಾಕಿದೆ. ಯಾರಾದರೂ ಎಡವಿ ಬಿದ್ದಾರೆಂದು ಸಂಜೆಯ ಬೆಳಕಿರುವಾಗಲೇ ಗುಂಡಿ ಮುಚ್ಚಲು ಇಳಿದೆ. ತಳದಲ್ಲಿ ಕಿರುಬೆರಳಿನಷ್ಟು ದಪ್ಪದ ಒಂದು ಬೇರು, ಹುಲುಗಪ್ಪನ ಗುದ್ದಲಿಗೆ ತುಂಡಾಗಿ, ಮಣ್ಣಿನೊಳಗೇ ಉಳಿದಿತ್ತು. ಹಸಿಯಾಗಿತ್ತು. ಕೀಳಲಿಲ್ಲ. ಮಣ್ಣು ಎಳೆದು, ತುಳಿದು ಸಮ ಮಾಡಿ, ಗುದ್ದಲಿ ತೊಳೆದು ಮೂಲೆಯಲ್ಲಿ ಇಟ್ಟೆ.