ಲೀಲಕ್ಕನ ಕಂಪ್ಯೂಟರ್

ದೆವ್ವ, ಮಾಟ, ಮೈಮೇಲೆ ಬರುವುದು, ಕನಸಿನಲ್ಲಿ ಸೂಚನೆ ಸಿಗುವುದು, ಇಂಥ ಮಾತು ಬಂದಾಗಲೆಲ್ಲ ನಾನು ನಕ್ಕವನು. ಹೇಳುತ್ತಿರುವವರನ್ನು ನಡುವೆ ತಡೆದು, ನೀವೇ ಕಣ್ಣಾರೆ ಕಂಡಿರಾ ಎಂದು ಕೇಳಿ ಅವರ ಬಾಯಿ ಮುಚ್ಚಿಸುವ ಕೆಟ್ಟ ಚಟವೂ ನನಗಿತ್ತು. ಈಗ ನಾನೇ ಕಣ್ಣಾರೆ ಕಂಡದ್ದನ್ನು ಹೇಳಲು ಕೂತಿದ್ದೇನೆ. ಮೂವತ್ತು ವರ್ಷಕ್ಕೂ ಮೇಲಾಯಿತು, ಇದನ್ನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಹೇಳಬೇಕಾದರೆ ಮೊದಲು ನಾನು ಮಾಡಿದ ಒಂದು ನೀಚ ಕೆಲಸವನ್ನು ಹೇಳಬೇಕು. ಅದನ್ನು ಹೇಳದೆ ಹೋದರೆ ಇದರಲ್ಲಿ ವಿಚಿತ್ರವೇನೆಂದು ತಿಳಿಯುವುದಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಮೈಸೂರು ಕಡೆಯವನು, ಆಗ ಮುಂಬಯಿಯ ಸಯನ್‌ನ ಎರಡು ಕೋಣೆಯ ಫ್ಲಾಟಿನಲ್ಲಿದ್ದೆ. ಬೈಕುಲ್ಲಾದ ಒಂದು ಕಂಪನಿಯ ಸ್ಟೋರ್ಸಿನಲ್ಲಿ ಗುಮಾಸ್ತ. ಓದಿದ್ದು ಕಾಮರ್ಸ್ ಆದರೂ ಹುಚ್ಚು ಎಲೆಕ್ಟ್ರಾನಿಕ್ಸಿನದು. ನನ್ನಂಥ ಐದು ಮಂದಿ ಹುಚ್ಚರು ಸೇರಿ ಭಾನುವಾರಗಳಲ್ಲಿ ನಮ್ಮ ಮನೆಯ ಬಾಲ್ಕನಿಯಲ್ಲಿ ಕೂರುತ್ತಿದ್ದೆವು. ರೇಡಿಯೋ, ಟೇಪ್‌ರೆಕಾರ್ಡರ್, ಕ್ಯಾಲ್ಕ್ಯುಲೇಟರ್, ಏನು ಸಿಕ್ಕಿದರೂ ಬಿಚ್ಚಿ ರಿಪೇರಿ ಮಾಡುತ್ತಿದ್ದೆವು. ನಮ್ಮ ನಿಜವಾದ ಪ್ರೀತಿ ಮಾತ್ರ ಹಳೆಯ ಮನೆ ಕಂಪ್ಯೂಟರುಗಳ ಮೇಲೆ. ಟೀವಿಗೆ ಸಿಕ್ಕಿಸಿ, ಕ್ಯಾಸೆಟ್ಟಿನಿಂದ ಪ್ರೋಗ್ರಾಂ ತುಂಬಿಸಿ ನಡೆಸುವ ಪುಟ್ಟ ಯಂತ್ರಗಳು. ಹೊರದೇಶದಲ್ಲಿ ಆಗಲೇ ಹಳತಾಗಿ ಮೂಲೆ ಸೇರಿದ್ದವು, ಗಲ್ಫಿನಿಂದ ಬರುವವರ ಸೂಟ್‌ಕೇಸಿನಲ್ಲಿ ನಮ್ಮ ಕೈಗೆ ಬರುತ್ತಿದ್ದವು. ನನ್ನ ಹೆಂಡತಿ ನಮ್ಮ ಗುಂಪಿಗೆ 'ಸೋಲ್ಡರ್ ಭಜನಾ ಮಂಡಳಿ' ಎಂದು ಹೆಸರಿಟ್ಟಿದ್ದಳು.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಒಂದು ಯಂತ್ರ ಕೆಟ್ಟರೆ ಅದರೊಳಗಿನ ಚಿಪ್ಪುಗಳನ್ನು, ಎಂದರೆ ಕಾಲುಗಳಿರುವ ಪುಟ್ಟ ಕಪ್ಪು ಬಿಲ್ಲೆಗಳನ್ನು, ಇನ್ನೊಬ್ಬರ ಒಳ್ಳೆಯ ಯಂತ್ರಕ್ಕೆ ಹಾಕಿ ನೋಡುವುದು, ಯಾವುದು ಸತ್ತಿದೆ ಎಂದು ಕಂಡುಹಿಡಿಯುವುದು. ಬದಲಿಸಿದ್ದನ್ನು ಅದೇ ಸಂಜೆ ಮರಳಿಸಲೇಬೇಕು. ಅದಲುಬದಲಾಗದಿರಲೆಂದು ಒಬ್ಬೊಬ್ಬರೂ ತಮ್ಮ ಚಿಪ್ಪಿನ ಬೆನ್ನಿಗೆ ಒಂದೊಂದು ಬಣ್ಣದ ಚುಕ್ಕೆ ಇಡುತ್ತಿದ್ದೆವು. ನನ್ನದು ಕೆಂಪು, ಹೆಂಡತಿಯ ನೈಲ್‌ಪಾಲಿಶ್. ಬೇರೆಯವರ ಯಂತ್ರಕ್ಕೆ ಕೈ ಹಾಕಿ ಅದರ ಜೀವವನ್ನೇ ಎತ್ತಿಕೊಳ್ಳುವುದು ಹೀಗೆ ನಮಗೆ ಅಭ್ಯಾಸವಾಗಿಬಿಟ್ಟಿತ್ತು. ನನ್ನ ತಪ್ಪಿನ ಬೇರು ಇಲ್ಲೇ ಇದೆ ಎಂದು ಈಗ ತೋರುತ್ತದೆ.

ಆ ವರ್ಷ ನಾನು ಪರದೆಯ ಮೇಲೆ ಕನ್ನಡ ಅಕ್ಷರ ಮೂಡಿಸುವ ಪ್ರೋಗ್ರಾಂ ಬರೆದಿದ್ದೆ. ಒತ್ತಕ್ಷರ, ದೀರ್ಘ ಎಲ್ಲ ಬರುತ್ತಿತ್ತು. ಮಾಟುಂಗದ ಒಂದು ಹಾಲಿನಲ್ಲಿ ನಮ್ಮ ಗುಂಪಿನ ಪ್ರದರ್ಶನ ಗೊತ್ತಾಯಿತು, ಕನ್ನಡಿಗರೆಲ್ಲ ಬರುತ್ತೇವೆಂದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ಪ್ರದರ್ಶನಕ್ಕೆ ವಾರವಿದೆ ಎನ್ನುವಾಗ ಯಂತ್ರ ಒರೆಸಿ ಸ್ವಚ್ಛ ಮಾಡಲೆಂದು ಅದರ ಪ್ರೊಸೆಸರ್ ತೆಗೆದೆ. ಎಲ್ಲ ಲೆಕ್ಕ ಮಾಡುವ ಮುಖ್ಯ ಚಿಪ್ ಅದು, ನಲವತ್ತು ಕಾಲಿನದು. ಮರಳಿ ಹಾಕುವಾಗ ತಲೆ ಕಾಲು ನೋಡದೆ ಉಲ್ಟಾ ಹಾಕಿ ಸ್ವಿಚ್ ಒತ್ತಿದೆ. ಸುಟ್ಟ ವಾಸನೆ ಬಂತು, ಮುಟ್ಟಿದರೆ ಬೆರಳು ಚುರ್ರೆಂದಿತು. ಕೆಂಪು ಚುಕ್ಕೆಯ ಪಕ್ಕದಲ್ಲೇ ಕಂದು ಬಣ್ಣದ ಗುಳ್ಳೆ ಎದ್ದಿತ್ತು. ಸ್ನೇಹಿತರ ಮೂರು ಯಂತ್ರಗಳಿಗೆ ಹಾಕಿ ನೋಡಿದೆವು, ಮೂರರಲ್ಲೂ ಕಪ್ಪು ಪರದೆ. ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳನ್ನೆಲ್ಲ ಸುತ್ತಿದೆ, ಆ ತಿಂಗಳು ಆ ಚಿಪ್ ಎಲ್ಲೂ ಇರಲಿಲ್ಲ. ಗೆಳೆಯರ ಯಂತ್ರಗಳೆಲ್ಲ ಅದೇ ಪ್ರದರ್ಶನಕ್ಕೆ ಬೇಕಾಗಿದ್ದವು.

ಅದೇ ವಾರ ಸಂಜೀವ ಶೆಟ್ಟರು ತಮ್ಮ ಕಂಪ್ಯೂಟರನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಶೆಟ್ಟರು ನಮ್ಮ ಆಫೀಸಿನ ಹಿಂದಿನ ಗಲ್ಲಿಯಲ್ಲಿ ಸಣ್ಣ ಹೋಟೆಲ್ ನಡೆಸುತ್ತಿದ್ದ ಉಡುಪಿ ಕಡೆಯವರು. ಮಧ್ಯಾಹ್ನದ ಊಟ ನನ್ನದು ಅಲ್ಲೇ. ಭಾವ ಗಲ್ಫಿನಿಂದ ತಂದುಕೊಟ್ಟದ್ದು, ಈಗ ಹತ್ತುವುದೇ ಇಲ್ಲ, ಒಮ್ಮೆ ನೋಡಿ ಎಂದರು. ಏನಕ್ಕೆ ಬಳಸುತ್ತೀರಿ ಎಂದು ನಾನು ಕೇಳಿದಾಗ, ಮನೆಯಲ್ಲಿ ಸ್ವಲ್ಪ ಉಪಯೋಗ ಉಂಟು ಎಂದಷ್ಟೇ ಹೇಳಿದರು. ಹೋಟೆಲಿನವರಿಗೆ ಕಂಪ್ಯೂಟರ್ ಯಾಕೆ, ಆಟ ಆಡುವುದಕ್ಕಿರಬೇಕು ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಆ ನಗು ನೆನೆದರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ಕೆಟ್ಟಿದ್ದು ಏನೂ ಅಲ್ಲ. ಕರೆಂಟಿನ ಪಿನ್ ಸಿಕ್ಕಿಸುವ ಕಡೆ ಸೋಲ್ಡರ್ ಬೆಸುಗೆ ಬಿಟ್ಟಿತ್ತು. ಹತ್ತು ನಿಮಿಷದಲ್ಲಿ ಸರಿಮಾಡಿದೆ, ಟೀವಿಯಲ್ಲಿ ಅಕ್ಷರ ಮೂಡಿತು. ಮಾದರಿ ಬೇರೆಯಾದರೂ ಅದರೊಳಗಿದ್ದದ್ದು ನನಗೆ ಬೇಕಾದ ಅದೇ ಪ್ರೊಸೆಸರ್. ನಾನು ಬಹಳ ಹೊತ್ತು ಯೋಚಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅದನ್ನು ಎತ್ತಿ ನನ್ನ ಯಂತ್ರಕ್ಕೆ ಹಾಕಿದೆ. ಸಾಕೆಟ್ ಖಾಲಿ ಕಾಣಬಾರದೆಂದು ನನ್ನ ಸುಟ್ಟ ಚಿಪ್ಪನ್ನು ಶೆಟ್ಟರ ಯಂತ್ರದಲ್ಲಿ ಕೂರಿಸಿ ಸ್ಕ್ರೂ ಬಿಗಿದೆ. ಹಾಗೇ ಟೀವಿಗೆ ಸಿಕ್ಕಿಸಿಯೂ ನೋಡಿದೆ. ಕಪ್ಪು. ಮರುದಿನ ಹೋಟೆಲಿಗೆ ಹೋಗಿ, ಇದರ ಮೆದುಳೇ ಸುಟ್ಟಿದೆ, ಹೊರಗಿನಿಂದ ತರಿಸಬೇಕು, ಎರಡು ವಾರ ತಡೆಯಿರಿ ಎಂದೆ. ಪ್ರದರ್ಶನ ಮುಗಿದ ಮೇಲೆ ಮರಳಿಸುತ್ತೇನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಶೆಟ್ಟರ ಮುಖ ಸಣ್ಣದಾಯಿತು. ನೀವು ಇಷ್ಟು ಕಷ್ಟಪಟ್ಟಿರಲ್ಲ, ಅದೇ ದೊಡ್ಡದು ಎಂದು ಯಂತ್ರವನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡರು.

ಪ್ರದರ್ಶನ ಚೆನ್ನಾಗಿಯೇ ಆಯಿತು. ಜನ ತಮ್ಮ ತಮ್ಮ ಹೆಸರನ್ನು ಕನ್ನಡದಲ್ಲಿ ನೋಡಿ ಚಪ್ಪಾಳೆ ತಟ್ಟಿದರು, ನನಗೆ ಒಂದು ಶಾಲು ಹೊದಿಸಿದರು. ಶೆಟ್ಟರಿಗೆ ಮುಖ ತೋರಿಸಲಾಗದೆ ಆ ಎರಡು ವಾರ ನಾನು ಬೇರೆ ಕಡೆ ಊಟ ಮಾಡಿದೆ. ಕೊನೆಗೆ ಒಂದು ಶನಿವಾರ ಅವರ ಚಿಪ್ಪನ್ನು ನನ್ನ ಯಂತ್ರದಿಂದ ತೆಗೆದು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದದಲ್ಲಿ ಸುತ್ತಿ, ಜೇಬಿಗೆ ಹಾಕಿಕೊಂಡು ಹೊರಟೆ. ಮಧ್ಯಾಹ್ನ ಮೂರೂವರೆ, ಹೋಟೆಲಿನಲ್ಲಿ ಗಿರಾಕಿಗಳು ಕಡಿಮೆಯಾಗುವ ಹೊತ್ತು.

ನನ್ನನ್ನು ಕಂಡದ್ದೇ ಶೆಟ್ಟರು ಗಲ್ಲಾ ಬಿಟ್ಟು ಎದ್ದು ಬಂದರು. "ಎಲ್ಲಿ ಮಾರಾಯ್ರೆ, ಕಾಣುದೇ ಇಲ್ಲ ನೀವು. ಅದು ಸರಿ ಆಯ್ತಲ್ಲ, ನಿಮ್ಗೆ ಹೇಳ್ಬೇಕಂತ ಕಾಯ್ತಾ ಇದ್ದೆ. ಬನ್ನಿ, ಮೇಲೆ ಬನ್ನಿ" ಎಂದರು. ಯಾವುದು ಸರಿಯಾಯಿತು ಎಂದು ನನಗೆ ತಿಳಿಯಲಿಲ್ಲ. ಹೋಟೆಲಿನ ಮೇಲೆಯೇ ಅವರ ಖೋಲಿ. ಮರದ ಮೆಟ್ಟಿಲು ಹತ್ತಿ ಒಳಗೆ ಹೋದೆ.

ಮಂಚದ ಮೇಲೆ ದಿಂಬಿಗೆ ಒರಗಿ ಅವರ ಹೆಂಡತಿ ಕೂತಿದ್ದರು. ಎಲ್ಲರೂ ಲೀಲಕ್ಕ ಎನ್ನುತ್ತಾರೆ ಎಂದು ಶೆಟ್ಟರು ಪರಿಚಯಿಸಿದರು. ಮದುವೆಗೆ ಮೊದಲು ಫೋರ್ಟ್ ಪ್ರದೇಶದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವರು. ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಎಡಗೈಯ ಒಂದು ಬೆರಳಿನಿಂದ ಕಂಪ್ಯೂಟರಿನಲ್ಲಿ ಅಕ್ಷರ ಒತ್ತುತ್ತಾರೆ, ಅದನ್ನು ಟೀವಿಯಲ್ಲಿ ಓದಿ ಶೆಟ್ಟರು ಅವರಿಗೆ ಬೇಕಾದ್ದು ಕೊಡುತ್ತಾರೆ. ಆ ಮನೆಯಲ್ಲಿ ಕಂಪ್ಯೂಟರಿನ ಉಪಯೋಗ ಅದು.

ಆದರೆ ಯಂತ್ರ ಅವರ ತೊಡೆಯ ಮೇಲಿತ್ತು ಮತ್ತು ನಡೆಯುತ್ತಿತ್ತು.

"ನೀವು ಹೋಗಿದೆ ಅಂದ್ರಿ, ನಾನು ಕಪಾಟಿನ ಮೇಲೆ ಇಟ್ಟಿದ್ದೆ. ಇವಳು ಬಿಡ್ಲೇ ಇಲ್ಲ ಸಾರ್, ಕೈ ತೋರ್ಸಿ ತೋರ್ಸಿ ಹಾಕ್ಸಿದಳು. ಹಾಕಿದ ಕೂಡ್ಲೆ ಬಂತು. ನಿಮ್ಮ ಕೈಗುಣ ಅದು" ಎಂದು ಶೆಟ್ಟರು ಹೇಳಿದರು.

ಯಾರಾದರೂ ಬಿಚ್ಚಿ ಬೇರೆ ಚಿಪ್ ಹಾಕಿದರೇ ಎಂದು ಕೇಳಿದೆ. ನಮಗೆ ಅದರ ಸ್ಕ್ರೂ ಎಲ್ಲುಂಟು ಅಂತಲೂ ಗೊತ್ತಿಲ್ಲ ಎಂದರು. ಅಷ್ಟರಲ್ಲಿ ಲೀಲಕ್ಕನ ಬೆರಳು ಓಡಿತು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ತುಳು ಮೂಡಿತು: ಆರೆಗ್ ಕಾಪಿ ಕೊರ್ಲೆ. ಇವರಿಗೆ ಕಾಫಿ ಕೊಡಿ. ಅದರ ಕೆಳಗಿನ ಸಾಲಿನಲ್ಲಿ, ಇದು ತನಗೆ ತಿಳಿಯುವ ಆಜ್ಞೆಯಲ್ಲ, ತಪ್ಪು ಎಂದು ಯಂತ್ರ ಇಂಗ್ಲಿಷಿನಲ್ಲಿ ಗೊಣಗಿತು. ಅದು ದಿನಾ ತಪ್ಪು ತಪ್ಪು ಅಂತ ಹೇಳುತ್ತದೆ, ನಾವು ಅದರ ಮಾತು ಕೇಳುವುದಿಲ್ಲ ಎಂದು ಶೆಟ್ಟರು ನಕ್ಕು, ಕಾಫಿ ತರಲು ಕೆಳಗಿಳಿದರು.

ನಾನು ಆಗ ಸುಮ್ಮನಿರಬೇಕಾಗಿತ್ತು. ಕಾಫಿ ಕುಡಿದು, ಶೆಟ್ಟರಿಗೆ ನಿಜ ಹೇಳಿ, ಎದ್ದು ಬರಬೇಕಾಗಿತ್ತು. ಆದರೆ ಬಿಚ್ಚಿ ನೋಡದೆ ಇರಲಾರದ ಜಾತಿ ನಮ್ಮದು. ಒಮ್ಮೆ ನೋಡಿಕೊಡುತ್ತೇನೆ ಎಂದು ಲೀಲಕ್ಕನಿಗೆ ಹೇಳಿ, ಅವರು ತಲೆಯಾಡಿಸುವುದನ್ನೂ ಕಾಯದೆ ಸ್ವಿಚ್ ಆರಿಸಿ, ಯಂತ್ರವನ್ನು ಮೇಜಿಗೆ ತಂದು ಸ್ಕ್ರೂ ಬಿಚ್ಚಿದೆ. ಒಳಗೆ ನನ್ನ ಚಿಪ್ಪೇ ಇತ್ತು. ಕೆಂಪು ಚುಕ್ಕೆ, ಪಕ್ಕದಲ್ಲಿ ಕಂದು ಗುಳ್ಳೆ. ಮುಟ್ಟಿದೆ. ಅಷ್ಟು ಹೊತ್ತು ನಡೆದ ಚಿಪ್ ಬೆಚ್ಚಗಿರಬೇಕು, ಅದು ತಣ್ಣಗಿತ್ತು.

ತಪ್ಪು ಸರಿಮಾಡಿಬಿಡೋಣ ಎಂಬ ಆತುರದಲ್ಲಿ ಅದನ್ನು ಕಿತ್ತು, ಜೇಬಿನಿಂದ ಅವರ ಚಿಪ್ ತೆಗೆದು, ಈ ಸಲ ತಲೆ ಕಾಲು ಮೂರು ಬಾರಿ ನೋಡಿ ಕೂರಿಸಿದೆ. ಸ್ವಿಚ್ ಹಾಕಿದೆ. ಕಪ್ಪು. ತೆಗೆದು ಮತ್ತೆ ಹಾಕಿದೆ. ಕಪ್ಪು. ಹೋಗಲಿ ಎಂದು ಸುಟ್ಟ ಚಿಪ್ಪನ್ನೇ ಮರಳಿ ಹಾಕಿದೆ, ಅದೂ ಕಪ್ಪು. ತಿರುಗಿ ನೋಡಿದರೆ ಲೀಲಕ್ಕ ನನ್ನನ್ನೇ ನೋಡುತ್ತಿದ್ದರು. ನನ್ನ ಜೇಬಿನಿಂದ ಚಿಪ್ ಬಂದದ್ದನ್ನೂ, ಅವರ ಯಂತ್ರದಿಂದ ಕಿತ್ತದ್ದು ಅದರ ಪಕ್ಕದಲ್ಲಿ ಬಿದ್ದಿದ್ದನ್ನೂ ಅವರು ಕಂಡಿದ್ದರು. ಆಫೀಸಿನಲ್ಲಿ ದುಡಿದ ಹೆಂಗಸು, ಅರ್ಥವಾಗದೆ ಇರುತ್ತದೆಯೇ? ಹೇಳೋಣವೆಂದರೆ ಅವರಿಗೆ ಬಾಯಿಯಿರಲಿಲ್ಲ. ಇದ್ದ ಒಂದು ಬಾಯಿಯನ್ನು ನಾನು ಎರಡನೆಯ ಸಲ ಮುಚ್ಚಿದ್ದೆ.

ಶೆಟ್ಟರು ಕಾಫಿ ತಂದರು. "ಮತ್ತೆ ಹೋಯಿತು ಶೆಟ್ಟರೇ, ಹಳೇ ತೊಂದರೆಯೇ" ಎಂದೆ. ಅವರು ನಂಬಿದರು. ಆ ಕಾಫಿಯನ್ನು ನಾನು ಕುಡಿದೆ ಎನ್ನುವುದೂ ಸತ್ಯ.

ಎರಡೂ ಚಿಪ್ಪುಗಳನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದು ಒಂದೊಂದಾಗಿ ನನ್ನ ಯಂತ್ರಕ್ಕೆ ಹಾಕಿ ನೋಡಿದೆ. ಶೆಟ್ಟರದ್ದು ಹಾಕಿದ ಕೂಡಲೇ ನಡೆಯಿತು. ಸುಟ್ಟದ್ದು ಅಂದೂ ನಡೆಯಲಿಲ್ಲ, ಆಮೇಲೆ ಹತ್ತಾರು ಯಂತ್ರಗಳಲ್ಲಿ ಹಾಕಿದರೂ ನಡೆಯಲಿಲ್ಲ. ಯಾರೋ ಸ್ನೇಹಿತನಿಗಾದದ್ದು ಎಂದು ಗುಂಪಿನವರ ಮುಂದೆ ಹೇಳಿ ಅಭಿಪ್ರಾಯ ಕೇಳಿದ್ದೇನೆ. ಕಾಲು ಸಡಿಲವಿತ್ತು, ಬಿಸಿಯಿಳಿದ ಮೇಲೆ ಚೇತರಿಸಿಕೊಂಡಿತು ಎಂದೆಲ್ಲ ಹೇಳಿದರು. ನಾನೂ ಒಪ್ಪಿದವನಂತೆ ತಲೆಯಾಡಿಸಿದೆ. ಎರಡು ವಾರ ನಡೆದು, ನಾನು ಕೈಯಿಟ್ಟ ಕ್ಷಣ ಯಾಕೆ ನಿಂತಿತು ಎಂಬುದು ಅದರಿಂದ ಬಗೆಹರಿಯುವುದಿಲ್ಲ. ಶೆಟ್ಟರು ಸುಳ್ಳು ಹೇಳುವವರಲ್ಲ. ಪರದೆಯ ಮೇಲೆ ಆ ತುಳು ಮಾತನ್ನು ಓದಿದ್ದು ನಾನೇ.

ಮರುದಿನ ಭಾನುವಾರ, ಅವರ ಚಿಪ್ ಒಳಗಿರುವಂತೆಯೇ ನನ್ನ ಕಂಪ್ಯೂಟರನ್ನು ಟ್ಯಾಕ್ಸಿಯಲ್ಲಿ ತೆಗೆದುಕೊಂಡು ಹೋಗಿ ಅವರ ಮನೆಯಲ್ಲಿಟ್ಟೆ. ಇದು ನನಗೆ ಬೇಡ, ನಿಮ್ಮಲ್ಲೇ ಇರಲಿ ಎಂದೆ. ಶೆಟ್ಟರ ಕಣ್ಣು ತುಂಬಿತು, ನನ್ನ ಎರಡೂ ಕೈ ಹಿಡಿದುಕೊಂಡರು. ನನ್ನ ಯಂತ್ರದ ಕೀಲಿಗಳು ಗಟ್ಟಿ, ಒತ್ತಿದರೆ ಟೈಪ್‌ರೈಟರಿನ ಹಾಗೆ ಟಕ್ ಟಕ್ ಎನ್ನುತ್ತಿದ್ದವು. ಇವಳಿಗೆ ಇದೇ ಒಳ್ಳೇದು ಎಂದು ಸಂಭ್ರಮಪಟ್ಟ ಶೆಟ್ಟರು, ಸಾರ್‌ಗೆ ಏನಾದರೂ ಬರೆ ಎಂದು ಹೆಂಡತಿಗೆ ಹೇಳಿದರು.

ಲೀಲಕ್ಕ ಕೀಲಿಯ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ಒತ್ತಲಿಲ್ಲ. ಮೊದಲು ನಾನೇ ಮಾತಾಡಲಿ ಎಂದು ಅವರು ಕಾಯುತ್ತಿದ್ದರು ಎಂದೇ ಇವತ್ತಿಗೂ ನನ್ನ ನಂಬಿಕೆ. ಆ ಎರಡು ವಾರ ಯಂತ್ರ ಹೇಗೆ ನಡೆಯಿತು ಎಂದು ಅವರನ್ನೇ ಕೇಳಬಹುದಾಗಿತ್ತು. ಗೊತ್ತಿದ್ದರೆ ಅವರೊಬ್ಬರಿಗೇ ಗೊತ್ತಿರಬೇಕು. ಕೇಳಿದರೆ ಅದಕ್ಕೆ ಮೊದಲು ನಡೆದದ್ದನ್ನೂ ನಾನು ಹೇಳಬೇಕಾಗುತ್ತಿತ್ತು. ನಾನು ಗಡಿಯಾರ ನೋಡಿಕೊಂಡು, ಲೋಕಲ್ ರೈಲು ಹಿಡಿಯಬೇಕು ಎಂದು ಎದ್ದುಬಿಟ್ಟೆ.

ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೀಲಿಗಳ ಸದ್ದು ಶುರುವಾಯಿತು. ಒಂದೇ ಬೆರಳಿನ ಸದ್ದು, ನಿಧಾನ, ಬಹಳ ಹೊತ್ತು ನಿಲ್ಲಲಿಲ್ಲ. ಕೆಳಗೆ ಗಲ್ಲಿಗೆ ಬಂದ ಮೇಲೂ ಕೇಳಿಸಿತು. ಏನು ಬರೆದರೋ ನನಗೆ ಗೊತ್ತಿಲ್ಲ. ಆಮೇಲೆ ನಾಲ್ಕು ವರ್ಷ ಅದೇ ಹೋಟೆಲಿನಲ್ಲಿ ಊಟ ಮಾಡಿದೆ. ಶೆಟ್ಟರು ಎಂದಿನಂತೆ ನಮಸ್ಕಾರ ಮಾಡುತ್ತಿದ್ದರು, ಎಂದಿನಂತೆ ಊಟ ಬಡಿಸಲು ಹೇಳುತ್ತಿದ್ದರು. ಮೇಲೆ ಬನ್ನಿ ಎಂದು ಮಾತ್ರ ಮತ್ತೆ ಒಂದು ದಿನವೂ ಕರೆಯಲಿಲ್ಲ.