ಅಕ್ಕನ ಮದುವೆಗೆ ಬರೆದ ಮುಖ

ನನ್ನ ಅಕ್ಕ ಹನ್ನೊಂದು ತಿಂಗಳ ಕೂಸಾಗಿದ್ದಾಗ ಜ್ವರ ಬಂದು ತೀರಿಕೊಂಡಳು. ಅವಳಿಗೆ ಮದುವೆಯಾದದ್ದು ಅದಾಗಿ ಇಪ್ಪತ್ತು ವರ್ಷಕ್ಕೆ. ನಮ್ಮ ಕಡೆಯವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಸತ್ತ ಮಕ್ಕಳು ಆ ಲೋಕದಲ್ಲೂ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಮದುವೆ ಮಾಡದೆ ಬಿಟ್ಟರೆ ಮನೆಯವರನ್ನು ಕಾಡುತ್ತಾರೆ ಎಂದು ನಂಬಿಕೆ. ಆಗ ಅಂಥದೇ ಸತ್ತ ಹುಡುಗನೊಬ್ಬನನ್ನು ಹುಡುಕಿ ಮದುವೆ ಮಾಡಿಸಬೇಕು. ಕುಲೆ ಮದುವೆ ಎಂದು ಅದಕ್ಕೆ ಹೆಸರು. ಕುಲೆ ಎಂದರೆ ಪ್ರೇತ. ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳಲ್ಲಿ ಬದುಕಿದವರ ಮದುವೆ ನಡೆಯುವುದಿಲ್ಲ, ಸತ್ತವರದ್ದು ನಡೆಯುತ್ತದೆ.

ಅವಳು ಹೋದ ಮರುವರ್ಷ ನಾನು ಹುಟ್ಟಿದೆ. ಗಂಡು ಎಂದು ಎಲ್ಲರಿಗೂ ಹೇಳಿದರು, ಬೆಲ್ಲ ಹಂಚಿದರು. ಹಂಚಿದ ಬೆಲ್ಲ ದಂಡವಾಯಿತು ಎಂದು ನನಗೆ ಏಳೆಂಟು ವರ್ಷಕ್ಕೇ ಗೊತ್ತಾಗಿತ್ತು. ನಾನು ಹೆಣ್ಣು. ಯಾಕೆ, ಹೇಗೆ ಎಂದು ಕೇಳಿದರೆ ಅಂದೂ ಉತ್ತರವಿರಲಿಲ್ಲ, ಇಂದೂ ಇಲ್ಲ. ಆ ಕಾಲದಲ್ಲಿ ಅದಕ್ಕೊಂದು ಮರ್ಯಾದೆಯ ಶಬ್ದವೂ ಇರಲಿಲ್ಲ. ಇದ್ದವೆಲ್ಲ ಬೈಗುಳಗಳು, ಅವನ್ನು ನಾನು ಪುತ್ತೂರಿನ ಶಾಲೆಯ ಅಂಗಳದಲ್ಲಿ ಸಾಕಷ್ಟು ಕೇಳಿದ್ದೆ. ಹಾಗೆ ಕೇಳಿದ ದಿನ ಡ್ರಾಯಿಂಗ್ ಪುಸ್ತಕ ಬಿಡಿಸಿ ಕೂರುತ್ತಿದ್ದೆ. ಪೆನ್ಸಿಲ್ ಹಿಡಿದ ಕೈಯನ್ನು ಯಾರೂ ಗೇಲಿ ಮಾಡುತ್ತಿರಲಿಲ್ಲ.

ನಮ್ಮ ಮನೆ ಮಂಡೆಕೋಲಿನಲ್ಲಿ, ರಾಜ್ಯದ ಗಡಿಗೆ ಹತ್ತಿರ. ಮನೆಯಲ್ಲಿ ಆಡುತ್ತಿದ್ದದ್ದು ಅರೆಭಾಷೆ. ಓದುವವರಿಗೆ ತೊಡಕಾಗದಿರಲಿ ಎಂದು ಮಾತುಗಳನ್ನು ಇಲ್ಲಿ ಊರ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೂ ನಾನು ನರಿಮೊಗರಿನ ಸೋದರಮಾವನ ಮನೆಯಲ್ಲಿದ್ದು, ಪುತ್ತೂರಿನ ಡ್ರಾಯಿಂಗ್ ಮಾಸ್ಟ್ರ ಬಳಿ ಸರ್ಕಾರದ ಡ್ರಾಯಿಂಗ್ ಪರೀಕ್ಷೆಗೆ ತಯಾರಾಗುತ್ತಿದ್ದೆ. ಅದು ಪಾಸಾದರೆ ಮದ್ರಾಸಿನ ಚಿತ್ರಕಲಾ ಶಾಲೆಗೆ ಅರ್ಜಿ ಹಾಕಬಹುದಿತ್ತು. ನನಗೆ ಬೇಕಿದ್ದದ್ದು ಅದೊಂದೇ. ಚಿತ್ರ ಕಲಿಯಬೇಕು, ಯಾರೂ ನನ್ನನ್ನು ಹುಟ್ಟಿನಿಂದ ನೋಡಿರದ ಊರಿನಲ್ಲಿ ಕಲಿಯಬೇಕು.

ಆ ವರ್ಷ ಅಣ್ಣನಿಗೆ ಬಂದ ಸಂಬಂಧಗಳು ಮೂರು ಸಲ ತಪ್ಪಿಹೋದವು. ಅಪ್ಪ ಗಡಿಯಾಚೆಯಿಂದ ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸಿದರು. ಅಂದು ನಾನೂ ಊರಿಗೆ ಬಂದು ಜಗಲಿಯಲ್ಲಿ ಇದ್ದೆ. ಜೋಯಿಸರು ಕವಡೆಗಳನ್ನು ಮಣೆಯ ಮೇಲೆ ಸರಿಸುತ್ತ, ಮನೆಯಲ್ಲಿ ಹೋದ ಹೆಣ್ಣುಮಗು ಒಂದು ಉಂಟಲ್ಲ ಎಂದರು. ಅಪ್ಪ ಹೌದೆಂದರು. ಅವಳು ಪ್ರಾಯಕ್ಕೆ ಬಂದಿದ್ದಾಳೆ, ಮದುವೆ ಕೇಳುತ್ತಿದ್ದಾಳೆ ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಅಣ್ಣನದಾಗುತ್ತಿತ್ತು. ಜೋಯಿಸರು ತಲೆಯೆತ್ತಿ ನನ್ನನ್ನು, ನಾನು ಕುಳಿತ ಬಗೆಯನ್ನು, ಮಡಿಲಲ್ಲಿದ್ದ ನನ್ನ ಕೈಗಳನ್ನು ನೋಡಿದರು.

"ಅವಳು ಇರುದು ಇವನ ಮೈಯಲ್ಲಿ," ಎಂದರು.

ಅಪ್ಪನ ಮುಖ ಒಮ್ಮೆಲೇ ಹಗುರಾದದ್ದನ್ನು ನಾನು ಕಂಡೆ. ಹತ್ತೊಂಬತ್ತು ವರ್ಷ ಅರ್ಥವಾಗದೆ ಇದ್ದದ್ದಕ್ಕೆ ಕಾರಣ ಸಿಕ್ಕಿತ್ತು. ನನ್ನ ನಡಿಗೆ, ನನ್ನ ಸ್ವರ, ಹೆಂಗಸರ ನಡುವೆ ಹೋಗಿ ಕೂರುವುದು, ಎಲ್ಲ ಅಕ್ಕನದ್ದು. ಅವಳನ್ನು ಗಂಡನ ಮನೆಗೆ ಕಳುಹಿಸಿಬಿಟ್ಟರೆ ಹುಡುಗ ಸರಿಯಾಗುತ್ತಾನೆ. ಅಂದು ಊಟಕ್ಕೆ ಕೂತಾಗ ಅಪ್ಪ ಹೇಳಿದರು, "ಮದುವೆ ಆಗ್ಲಿ. ಒಂದು ವರ್ಷ ನೋಡುವ. ನೀನು ಸರಿ ಆದ್ರೆ ಮದ್ರಾಸಿಗೆ ಹೋಗು, ನಾನು ಬೇಡ ಹೇಳುದಿಲ್ಲ. ಆಗದಿದ್ರೆ ಮನೆಯಲ್ಲೇ ಇರು. ಮತ್ತೆ ನಾನು ನಾಲ್ಕು ಜನಕ್ಕೆ ಮುಖ ತೋರಿಸುದು ಹೇಗೆ?" ಅವ್ವ ಸಾರು ಬಡಿಸಿದಳು.

ನಗಬೇಡಿ, ನಾನೂ ಅರ್ಧ ನಂಬಿದೆ. ಪುಸ್ತಕ ಓದಿದ್ದೆ ನಿಜ, ಆದರೆ ಹುಟ್ಟಿದ್ದು ಅದೇ ಮನೆಯಲ್ಲಿ ತಾನೆ. ಅಪ್ಪನಿಗೆ ಅವಳು ಹೋಗದಿದ್ದರೆ ಎಂಬ ಭಯ. ನನ್ನ ಭಯ ಬೇರೆ. ನನ್ನೊಳಗೆ ನಾನು ಎಂದುಕೊಂಡದ್ದೆಲ್ಲ ನಿಜಕ್ಕೂ ಅವಳೇ ಆಗಿದ್ದರೆ, ಅವಳು ಎದ್ದು ಹೋದ ಮೇಲೆ ಇಲ್ಲಿ ಉಳಿಯುವುದು ಯಾರು? ಚಿತ್ರ ಬರೆಯುವುದು ಅವಳಾಗಿದ್ದರೆ?

ಕಡಬದ ಕಡೆ ಒಂದು ಮನೆಯಲ್ಲಿ ಮೂರು ವರ್ಷಕ್ಕೆ ತೀರಿದ ಹುಡುಗನಿದ್ದ. ಬಳಿ, ಅಂದರೆ ಗೋತ್ರದಂಥದ್ದು, ಕೂಡಿಬಂತು, ಎರಡೂ ಕಡೆಯವರು ಒಪ್ಪಿದರು. ಮಾತುಕತೆಗೆ ಬಂದವರು, ಹುಡುಗನ ತಾಯಿಗೆ ಸೊಸೆಯ ಮುಖ ನೋಡಬೇಕೆಂದು ಆಸೆ, ಫೋಟೋ ಉಂಟಾ ಎಂದು ಕೇಳಿದರು. ಆ ಕಾಲದಲ್ಲಿ ಹನ್ನೊಂದು ತಿಂಗಳ ಕೂಸಿಗೆ ಎಲ್ಲಿಯ ಫೋಟೋ! ಅಪ್ಪ ಬಿಟ್ಟುಕೊಡಲಿಲ್ಲ. "ಫೋಟೋ ಇಲ್ಲ ಮಾರಾಯ್ರೆ. ಆದ್ರೆ ನಮ್ಮ ಹುಡುಗ ಚಿತ್ರ ಬರೀತಾನೆ. ಬರೆಸಿ ಕೊಡ್ತೇನೆ," ಎಂದರು. ನನ್ನ ಚಿತ್ರದ ಬಗ್ಗೆ ಅಪ್ಪ ಹೆಮ್ಮೆಯಿಂದ ಮಾತಾಡಿದ್ದು ಅದೇ ಮೊದಲು.

ಇಪ್ಪತ್ತೊಂದರ ಹೆಣ್ಣಾಗಿ ಅಕ್ಕ ಹೇಗಿದ್ದಾಳು? ಅವಳು ಅವ್ವನ ಅಚ್ಚು, ನಾನೂ ಅವ್ವನ ಅಚ್ಚು ಎಂದು ಮನೆಯವರೆಲ್ಲ ಹೇಳುತ್ತಿದ್ದರು. "ಕನ್ನಡಿ ನೋಡಿ ಬರಿ, ಮತ್ತೆ ಉದ್ದ ಕೂದಲು ಹಾಕು, ಆಯ್ತು," ಎಂದರು ಅಪ್ಪ, ಗುಡ್ಡೆಗೆ ಹೊರಡುತ್ತ. ಎಷ್ಟು ಸಲೀಸಾಗಿ ಹೇಳಿಬಿಟ್ಟರು! ಹತ್ತು ವರ್ಷದಿಂದ ನಾನು ಕದ್ದು ಕನ್ನಡಿಯಲ್ಲಿ ನನ್ನನ್ನು ಹೆಣ್ಣಾಗಿ ನೋಡಿಕೊಳ್ಳುತ್ತಿದ್ದದ್ದಕ್ಕೆ ಅಪ್ಪನೇ ಅಪ್ಪಣೆ ಕೊಟ್ಟಿದ್ದರು.

ಅಪ್ಪ ಹೋದ ಮೇಲೆ ನಡುಕೋಣೆಯ ಕಿಟಕಿಯ ಬಳಿ ಗೋಡೆಕನ್ನಡಿಯನ್ನು ಇಳಿಸಿ ಇಟ್ಟು, ಡ್ರಾಯಿಂಗ್ ಶೀಟನ್ನು ಹಲಗೆಗೆ ಸಿಕ್ಕಿಸಿ ಕೂತೆ. ಅವ್ವ ಎದುರು ಕೂತು ತರಕಾರಿ ಹೆಚ್ಚುತ್ತಿದ್ದಳು. ಹಣೆ, ಹುಬ್ಬು, ಮೂಗು ಬಂದವು. ಕಿವಿಗೆ ಬಂದಾಗ ಕೈ ನಿಂತಿತು. ಮದುಮಗಳ ಕಿವಿಗೆ ಬೆಂಡೋಲೆ ಬೇಕಲ್ಲ. ಅವ್ವ ಎದ್ದು ಪೆಟ್ಟಿಗೆಯಿಂದ ತನ್ನ ಬೆಂಡೋಲೆ ತಂದು, ಒಂದನ್ನು ನನ್ನ ಕಿವಿಗೆ ತಾಗಿಸಿ ಹಿಡಿದಳು. ಚಿನ್ನ ತಣ್ಣಗಿತ್ತು. ಕನ್ನಡಿಯಲ್ಲಿ ನಾನಿದ್ದೆ. ಕದ್ದು ನೋಡಿದಾಗ ಯಾವತ್ತೂ ಹೀಗೆ ನೆಟ್ಟಗೆ ಕಂಡಿರಲಿಲ್ಲ. ಆ ಮುಖವನ್ನೇ ಬರೆದೆ.

ಅದೇ ಹೊತ್ತಿಗೆ ಅಪ್ಪ ಯಾವುದೋ ಕತ್ತಿ ಮರೆತು ಹಿಂದಿರುಗಿ ಬಂದರು. ಬಾಗಿಲಲ್ಲೇ ನಿಂತುಬಿಟ್ಟರು. ನಾನು ಪೆನ್ಸಿಲ್ ಕೆಳಗಿಟ್ಟೆ.

"ಎಂತ ಅದು?"

ಅವ್ವ ಕೈ ಇಳಿಸಲಿಲ್ಲ. "ಚಿತ್ರಕ್ಕೆ. ನೆರಳು ಹೇಗೆ ಬೀಳ್ತದೆ ಅಂತ ನೋಡ್ಬೇಕಂತೆ," ಎಂದಳು. ನೆರಳಿನ ಮಾತನ್ನು ನಾನು ಅವಳಿಗೆ ಹೇಳಿರಲೇ ಇಲ್ಲ. ಅಪ್ಪ ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಹಾಳೆಯನ್ನು ನೋಡಿದರು. "ಬೇಗ ಮುಗಿಸಿ," ಎಂದು ಕತ್ತಿ ತೆಗೆದುಕೊಂಡು ಹೋದರು. ಅವ್ವ ಇನ್ನೊಂದು ಕಿವಿಗೆ ಬೆಂಡೋಲೆ ಹಿಡಿದಳು.

ಬಣ್ಣ ಹಾಕಲು ಪುತ್ತೂರಿಗೆ ಹೋದೆ. ಮಾಸ್ಟ್ರು ಬಡ ಮನುಷ್ಯ, ಮುಂಗೋಪಿ, ಹೂಜಿ ಸೊಟ್ಟಗಾದರೆ ಸ್ಕೇಲಿನಿಂದ ಗೆಣ್ಣಿಗೆ ಹೊಡೆಯುವವರು. ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ಸತ್ತ ಅಕ್ಕ ಎಂದು ನಾನು ಹೇಳಿದೆ.

"ಯಾರು ಅಂತ ನಾನು ಕೇಳುದಿಲ್ಲ," ಎಂದರು. "ನೀನು ಇಷ್ಟು ದಿವಸ ಬರೆದದ್ದೆಲ್ಲ ಪರೀಕ್ಷೆಗೆ ಮಾರಾಯ. ಇದು ಚಿತ್ರ. ಮದ್ರಾಸಿಗೆ ಇದನ್ನೇ ಕಳಿಸು."

ಆಗುವುದಿಲ್ಲ, ಇದು ಮದುಮಗಳ ಜೊತೆ ಹೋಗಬೇಕು ಎಂದೆ. ಅವರು ಬಣ್ಣದ ಡಬ್ಬಿಯನ್ನು ನನ್ನ ಕಡೆ ತಳ್ಳಿ, ಹಾಗಾದರೆ ಇಂಥದ್ದು ಇನ್ನೊಂದು ಬರಿ ಎಂದರು. ಆ ದಿನ ನನಗೆ ಗೊತ್ತಾಯಿತು, ನಾನು ಚಿತ್ರಗಾರ್ತಿಯಾಗಬಲ್ಲೆ. ಪರೀಕ್ಷೆಯಲ್ಲಿ ಪಾಸಾಗುವುದು ಬೇರೆ, ಇದು ಬೇರೆ.

ಮದುವೆಯನ್ನು ಅವಿವಾಹಿತರು, ಮಕ್ಕಳು ನೋಡಬಾರದು. ಹಾಗಾಗಿ ನಾನು ಹಿತ್ತಿಲ ಜಗಲಿಯಲ್ಲಿ ಬಾಳೆಲೆ ಒರೆಸುತ್ತ ಕೂತಿದ್ದೆ. ಒಳಗೆ ಎರಡು ಮಣೆ ಹಾಕಿದ್ದರು. ಒಂದರ ಮೇಲೆ ಪಂಚೆ, ಅಂಗಿ. ಇನ್ನೊಂದರ ಮೇಲೆ ಸೀರೆ, ಬಳೆ, ಹೂವು, ಮತ್ತು ನನ್ನ ಮುಖ. ಹಿರಿಯರು ಧಾರೆ ಎರೆಯುವ ಸದ್ದು ಕೇಳುತ್ತಿತ್ತು. ಅಷ್ಟರಲ್ಲಿ ನನಗೆ ಹೊಳೆಯಿತು: ಬದುಕಿರುವವರ ಮುಖವನ್ನು ಬರೆದು ಸತ್ತವನ ಪಕ್ಕ ಕೂರಿಸಿದ್ದೇನಲ್ಲ! ಯಾರಿಗಾದರೂ ಗೊತ್ತಾದರೆ ಮದುವೆ ಮುರಿಯುತ್ತದೆ, ಅಣ್ಣನ ಬಾಳು ಹಾಳಾಯಿತೆನ್ನುತ್ತಾರೆ, ನನ್ನನ್ನು ಕುಲೆಗೆ ಕೊಟ್ಟಾಯಿತೆನ್ನುತ್ತಾರೆ. ಕನ್ನಡಿ ನೋಡಿ ಬರಿ ಎಂದವರು ಅಪ್ಪ, ನಿಜ. ಆದರೆ ನನ್ನಂತಹ ಅಕ್ಕನನ್ನು ಬರೆಯುವುದು ಬೇರೆ, ನನ್ನನ್ನೇ ಬರೆಯುವುದು ಬೇರೆ. ನಾನು ಮಾಡಿದ್ದು ಎರಡನೆಯದನ್ನು, ಬೇಕೆಂದೇ. ಕೈಯಲ್ಲಿದ್ದ ಎಲೆ ಹರಿಯಿತು.

ಸೊಸೆಗೂ ಮಗನಿಗೂ ಎಲೆ ಬಡಿಸಿ ಮುಗಿದ ಮೇಲೆ ಹುಡುಗನ ತಾಯಿ ಕೈ ತೊಳೆಯಲು ಹಿತ್ತಿಲಿಗೆ ಬಂದರು. ತೆಳ್ಳಗಿನ ಹೆಂಗಸು. ಸೀರೆಯಲ್ಲಿ ಸುತ್ತಿದ ಚಿತ್ರ ಕಂಕುಳಲ್ಲಿತ್ತು. ಕೈ ಒರೆಸಿಕೊಂಡು, ಸೀರೆ ಬಿಡಿಸಿ ಚಿತ್ರ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಹತ್ತು ಮಾರು ದೂರದ ಕಂಬಕ್ಕೊರಗಿ ಅಪ್ಪ ವೀಳ್ಯ ಹಾಕುತ್ತಿದ್ದರು.

"ಸತ್ತವಳಿಗೆ ಇಂಥ ಕಣ್ಣು ಇರುದಿಲ್ಲ," ಎಂದರು ಮೆಲ್ಲಗೆ. "ಇದು ನೀನಲ್ವಾ?"

ಇಲ್ಲ ಎನ್ನಬೇಕಿತ್ತು, ಇಲ್ಲ ಎನ್ನಲು ಮನಸ್ಸಾಗಲಿಲ್ಲ. ಹೌದೆಂದು ತಲೆಯಾಡಿಸಿದೆ. ಜೀವಮಾನದಲ್ಲಿ ಅದನ್ನು ಒಪ್ಪಿಕೊಂಡದ್ದು ಅದೇ ಮೊದಲ ಸಲ, ಅದೂ ಗುರುತೇ ಇಲ್ಲದ ಒಬ್ಬರ ಮುಂದೆ.

ಅವರು ಚಿತ್ರವನ್ನು ಮತ್ತೆ ಸೀರೆಯಲ್ಲಿ ಸುತ್ತಿದರು. "ಹೆದರ್ಬೇಡ. ನನಗೊಂದು ಸೊಸೆಯ ಮುಖ ಬೇಕಿತ್ತು, ಸಿಕ್ಕಿತು. ನೀನು ನಿನ್ನ ಜೀವ ನೋಡಿಕೋ," ಎಂದು ಒಳಗೆ ಹೋದರು. ಅಪ್ಪ ಅಲ್ಲಿಂದಲೇ, ಅವರೆಂತ ಹೇಳಿದ್ದು ಎಂದು ಕೇಳಿದರು. ಚಿತ್ರ ಚೆಂದ ಉಂಟಂತೆ ಎಂದೆ.

ದಿಬ್ಬಣ ಹೋದ ಕೂಡಲೇ ಕನ್ನಡಿಯ ಮುಂದೆ ನಿಂತೆ. ಅವಳು ಹೋಗಿದ್ದಾಳಾ, ನಾನು ಉಳಿದಿದ್ದೇನಾ? ಎಲ್ಲ ಹಾಗೆಯೇ ಇತ್ತು. ನಾನೇ ಇದ್ದೆ, ಇಡಿಯಾಗಿ ಇದ್ದೆ. ಎಷ್ಟು ಖುಷಿಯಾಯಿತೆಂದರೆ ನಕ್ಕುಬಿಟ್ಟೆ. ಮರುಕ್ಷಣ ಅಪ್ಪ ಕೊಟ್ಟ ಒಂದು ವರ್ಷದ ಗಡುವು ನೆನಪಾಯಿತು.

ಮಾವನ ಮನೆ ಬಿಟ್ಟು, ಅಪ್ಪನ ಕಣ್ಣೆದುರೇ ಆ ವರ್ಷವನ್ನು ಹೇಗೆ ಕಳೆದೆನೋ! ಕೈಗಳನ್ನು ಕಿಸೆಯಲ್ಲಿ ಹುದುಗಿಸಿದೆ. ಸ್ವರ ತಗ್ಗಿಸಿದೆ. ಅಡುಗೆಮನೆಗೆ ಕಾಲಿಡಲಿಲ್ಲ. ಗದ್ದೆಯ ಬದುವಿನಲ್ಲಿ ಅಣ್ಣನ ಹಿಂದೆ ನಡೆಯುತ್ತ ಅವನ ಹೆಜ್ಜೆಯನ್ನು ನೋಡಿ ನೋಡಿ ಕಲಿತೆ. ಅಪ್ಪ ಯಾವಾಗಲೂ ನೋಡುತ್ತಿದ್ದರು, ಉಣ್ಣುವಾಗಲೂ ನೋಡುತ್ತಿದ್ದರು. ಕಡಬದಿಂದ ಯಾರು ಬಂದರೂ ನಾನು ಹಿತ್ತಿಲಿಗೆ ಸರಿಯುತ್ತಿದ್ದೆ. ಪುತ್ತೂರಿಗೆ ಹೋದ ದಿನ ಮಾತ್ರ ಮಾಸ್ಟ್ರ ಕೋಣೆಯಲ್ಲಿ ಮೈ ಸಡಿಲ ಬಿಟ್ಟು ಬರೆಯುತ್ತಿದ್ದೆ. ಮೀನು ಮಾರುವವಳ ಕೈ, ಬಸ್ಸಿಗೆ ಕಾಯುವ ಬ್ಯಾರಿ ಅಜ್ಜ, ಸ್ಕೇಲು ಹಿಡಿದ ಮಾಸ್ಟ್ರು. ಪರೀಕ್ಷೆ ಪಾಸಾಯಿತು, ಆ ಮೂರು ಚಿತ್ರ ಮದ್ರಾಸಿಗೆ ಹೋದವು. ಬೇಸಿಗೆಯಲ್ಲಿ ಅಣ್ಣನ ಮದುವೆಯೂ ಆಯಿತು. ಜೋಯಿಸರ ಮಾತು ದಿಟವಾಯಿತೆಂದು ಊರೆಲ್ಲ ಹೇಳಿತು.

ಮದ್ರಾಸಿನಿಂದ ಸೀಟು ಸಿಕ್ಕಿದ ಕಾಗದ ಬಂದ ದಿನ ಅಪ್ಪ ಅದನ್ನು ಎರಡು ಸಲ ಓದಿಸಿದರು. ಆಮೇಲೆ ನನ್ನನ್ನು ಕೇಳಲಿಲ್ಲ, ಅವ್ವನನ್ನು ಕೇಳಿದರು. "ನೀನು ಹೆತ್ತವಳು, ನಿನಗೆ ಗೊತ್ತಾಗ್ತದೆ. ಅವಳು ಇವನ ಮೈಯಿಂದ ಹೋಗಿದ್ದಾಳಾ?"

ಅವ್ವ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟಳು. ಅತ್ತಿಗೆಯೂ ಅಣ್ಣನೂ ಬಾಗಿಲಲ್ಲಿದ್ದರು. ಬೆಂಡೋಲೆ ಹಿಡಿದ ದಿನದ ಆ ನೆರಳಿನ ಮಾತೊಂದನ್ನು ಬಿಟ್ಟರೆ ಅವ್ವ ಸುಳ್ಳು ಹೇಳಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ವರ್ಷವಿಡೀ ನಾನು ಅಪ್ಪನ ಕಣ್ಣಿಗೆ ಹೆದರಿದ್ದೆ, ಅವ್ವ ನೋಡುತ್ತಿದ್ದಾಳೆಂದು ಯೋಚಿಸಿಯೇ ಇರಲಿಲ್ಲ.

"ಹೋಗಿದ್ದಾಳೆ," ಎಂದಳು.

"ಖಂಡಿತವಾ?"

"ಖಂಡಿತ. ಇವನನ್ನು ಕಳಿಸಿ."

ಎರಡು ದಿನ ಬಿಟ್ಟು ಹೊರಟೆ. ಅವ್ವ ನನ್ನ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು. ಸುತ್ತ ಯಾರೂ ಇರಲಿಲ್ಲ. ಅವಳಿಗೆ ಮೋಸ ಮಾಡಿ ಹೋಗುವುದು ನನ್ನಿಂದಾಗಲಿಲ್ಲ. "ಅವ್ವ, ಅಕ್ಕ ಹೋಗಿಲ್ಲ. ನಾನು ಹಾಗೆಯೇ ಇದ್ದೇನೆ. ಇಡೀ ವರ್ಷ ನಟನೆ ಮಾಡಿದೆ," ಎಂದೆ.

ಅವಳು ಅಂಗಿ ಮಡಚುವುದನ್ನು ನಿಲ್ಲಿಸಲಿಲ್ಲ.

"ನಿನ್ನ ಅಕ್ಕ ಹನ್ನೊಂದು ತಿಂಗಳಿಗೇ ಹೋದವಳು. ನನ್ನ ತೊಡೆಯ ಮೇಲೆಯೇ ಹೋದದ್ದು, ನನಗೆ ಗೊತ್ತಿಲ್ವಾ? ಅವಳು ಯಾವತ್ತೂ ನಿನ್ನ ಮೈಗೆ ಬಂದದ್ದಿಲ್ಲ. ನಾನು ಹೆತ್ತದ್ದು ಇಬ್ಬರು ಹೆಣ್ಣುಮಕ್ಕಳನ್ನು. ಒಬ್ಬಳು ಹೋದಳು. ಇನ್ನೊಬ್ಬಳು ಈಗ ಮದ್ರಾಸಿಗೆ ಹೋಗ್ತಾ ಇದ್ದಾಳೆ."

ಟ್ರಂಕಿನ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ಇಬ್ಬರೂ ಅದರ ಮೇಲೆ ಕೂತು ಒತ್ತಿದೆವು.